ಹಾಯಿದೋಣಿಗೆ ಎಲ್‌ಇಡಿ: ಒಳಗೆ ಬಲ್ಬ್ ಸಾಕು, ಹೊರಗೆ ಇಡೀ ಲಾಂದ್ರವನ್ನೇ ಬದಲಿಸಿ

ಹಾಯಿದೋಣಿ ಗಾಳಿಯ ಬಲದಲ್ಲಿ ಸಾಗುವಾಗ ಎಂಜಿನ್ ನಿಂತಿರುತ್ತದೆ. ಎಂಜಿನ್ ನಿಂತರೆ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರ್ ಕೂಡ ನಿಂತಂತೆ. ಬ್ಯಾಟರಿಯಲ್ಲಿ ಅಷ್ಟುಹೊತ್ತಿಗೆ ತುಂಬಿಕೊಂಡಿರುವ ಚಾರ್ಜ್ ಎಷ್ಟೋ ಅಷ್ಟೇ ಆ ರಾತ್ರಿಯ ಬಂಡವಾಳ. ಹಾಯಿಕಂಬದ ತುದಿಯಲ್ಲಿ ಉರಿಯುವ 25 ವ್ಯಾಟ್‌ನ ಹಳೆಯ ಫಿಲಮೆಂಟ್ ಬಲ್ಬ್ 12 ವೋಲ್ಟ್‌ನಲ್ಲಿ 2.1 ಆಂಪಿಯರ್ ಎಳೆಯುತ್ತದೆ. ಹನ್ನೊಂದು ಗಂಟೆಯ ಕತ್ತಲಿಗೆ 23 ಆಂಪಿಯರ್-ಗಂಟೆ ಆಯಿತು. 100 ಆಂಪಿಯರ್-ಗಂಟೆಯ ಸೀಸ-ಆಮ್ಲ ಬ್ಯಾಟರಿಯಿಂದ, ಅದರ ಆಯಸ್ಸು ಕೆಡದ ಹಾಗೆ ತೆಗೆಯಬಹುದಾದದ್ದು ಸುಮಾರು ಅರ್ಧ. ಆ ಅರ್ಧದಲ್ಲಿ ಅರ್ಧದಷ್ಟನ್ನು ಒಂದೇ ಬಲ್ಬ್ ತಿಂದುಬಿಡುತ್ತದೆ. ಅದೇ ದೀಪ ಎಲ್‌ಇಡಿಯಾದರೆ ಎರಡೂವರೆ ವ್ಯಾಟ್ ಸಾಕು, ಇಡೀ ರಾತ್ರಿಗೆ 2.3 ಆಂಪಿಯರ್-ಗಂಟೆ.

ಲಂಗರು ಹಾಕಿ ನಿಂತ ರಾತ್ರಿಯ ಲೆಕ್ಕವೂ ಹೀಗೆಯೇ. 10 ವ್ಯಾಟ್‌ನ ಲಂಗರು ದೀಪ ಹನ್ನೆರಡು ಗಂಟೆ ಉರಿದರೆ 10 ಆಂಪಿಯರ್-ಗಂಟೆ. ಒಳಗೆ 10 ವ್ಯಾಟ್‌ನ ನಾಲ್ಕು ಹ್ಯಾಲೊಜನ್ ದೀಪಗಳು ನಾಲ್ಕು ಗಂಟೆ ಉರಿದರೆ ಇನ್ನೂ 13. ಎಲ್ಲವೂ 2 ವ್ಯಾಟ್‌ನ ಎಲ್‌ಇಡಿಗಳಾದರೆ 23ರ ಜಾಗದಲ್ಲಿ ಐದು ಕೂಡ ಆಗುವುದಿಲ್ಲ. ಉಳಿಯುವ 18 ಆಂಪಿಯರ್-ಗಂಟೆಯನ್ನು ಕಡಿಮೆ ಎಂದುಕೊಳ್ಳಬೇಡಿ. 100 ವ್ಯಾಟ್‌ನ ಸೌರಫಲಕ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ 25–30 ಆಂಪಿಯರ್-ಗಂಟೆ ಕೊಡುತ್ತದೆ, ಅಂಥ ಫಲಕದ ದಿನದ ದುಡಿಮೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಇದು.

ಹಾಗೆಂದು ಎಲ್ಲವನ್ನೂ ಒಂದೇ ಸಲ ಬದಲಿಸಬೇಕಿಲ್ಲ. ಮೊದಲು ಬದಲಿಸುವ ದೀಪವನ್ನು ಬರೇ ವ್ಯಾಟ್ ನೋಡಿ ಆಯ್ದುಕೊಳ್ಳುವುದು ತಪ್ಪು, ಎಷ್ಟು ಗಂಟೆ ಉರಿಯುತ್ತದೆ ಎಂಬುದನ್ನೂ ಜೊತೆಗಿಟ್ಟು ನೋಡಬೇಕು. ಕೆಂಪು, ಹಸಿರು, ಬಿಳಿ ಮೂರನ್ನೂ ಒಂದೇ ಲಾಂದ್ರದಲ್ಲಿ ತೋರಿಸುವ ಕಂಬದ ತುದಿಯ ತ್ರಿವರ್ಣ ದೀಪ ಮತ್ತು ಲಂಗರು ದೀಪ ಮೊದಲು, ಸಂಜೆಯೆಲ್ಲ ಉರಿಯುವ ಅಡುಗೆಕಟ್ಟೆಯ ಮತ್ತು ಮೇಜಿನ ಮೇಲಿನ ದೀಪಗಳು ಆಮೇಲೆ. ಎಂಜಿನ್ ಓಡುವಾಗ ಮಾತ್ರ ಹಚ್ಚುವ ಮುಂಬೆಳಕು (ಮುಂದಿನಿಂದ ಕಾಣುವ ಬಿಳಿ ಸಂಚಾರ ದೀಪ) ಕೊನೆಗೆ ಬಂದರೂ ನಷ್ಟವಿಲ್ಲ, ಅದು ಉರಿಯುವಷ್ಟು ಹೊತ್ತೂ ಆಲ್ಟರ್ನೇಟರ್ ಚಾರ್ಜ್ ಕೊಡುತ್ತಲೇ ಇರುತ್ತದೆ. ಶೌಚದ ಕೋಣೆಯ ದೀಪ ದಿನಕ್ಕೆ ಹತ್ತು ನಿಮಿಷ ಉರಿಯುವಂಥದ್ದು, ಹಾಳಾಗುವವರೆಗೆ ಅದನ್ನು ಮುಟ್ಟಬೇಡಿ.

ಫಿಲಮೆಂಟ್ ಬಲ್ಬ್ ಎಂದರೆ ಕಾದು ಹೊಳೆಯುವ ಒಂದು ತಂತಿ, ಅಷ್ಟೇ. ಎಲ್‌ಇಡಿ ಬಲ್ಬ್ ಒಂದು ಪುಟ್ಟ ಎಲೆಕ್ಟ್ರಾನಿಕ್ ಸಾಧನ. ದೋಣಿಯಲ್ಲಿ ಎದುರಾಗುವ ತೊಂದರೆಗಳೆಲ್ಲ ಈ ವ್ಯತ್ಯಾಸದಿಂದಲೇ ಹುಟ್ಟುತ್ತವೆ, ಅವುಗಳಲ್ಲಿ ಮೊದಲನೆಯದು ವೋಲ್ಟೇಜ್. "12 ವೋಲ್ಟ್" ಎಂಬುದು ಹೆಸರಿಗೆ ಮಾತ್ರ. ಭಾರ ಬಿದ್ದಾಗ ಬ್ಯಾಟರಿ 11.5ಕ್ಕೆ ಇಳಿಯುತ್ತದೆ, ಚಾರ್ಜ್ ಆಗುವಾಗ 14.4ಕ್ಕೆ ಏರುತ್ತದೆ, ಸೆಲ್‌ಗಳನ್ನು ಸಮಗೊಳಿಸುವ ಚಾರ್ಜ್‌ನಲ್ಲಿ 15.5ನ್ನೂ ದಾಟಬಹುದು. ಅಗ್ಗದ ಬಲ್ಬ್‌ಗಳಲ್ಲಿ ಮೂರು ಬಿಳಿ ಎಲ್‌ಇಡಿಗಳನ್ನು ಸಾಲಾಗಿ ಜೋಡಿಸಿ ಮುಂದೆ ಒಂದು ರೆಸಿಸ್ಟರ್ ಇಟ್ಟಿರುತ್ತಾರೆ. ಮೂರೂ ಸೇರಿ ಸುಮಾರು 9.5 ವೋಲ್ಟ್ ತೆಗೆದುಕೊಳ್ಳುತ್ತವೆ. 12ರಲ್ಲಿ ರೆಸಿಸ್ಟರ್‌ಗೆ ಉಳಿಯುವುದು 2.5, 14.4ರಲ್ಲಿ 4.9. ವೋಲ್ಟೇಜ್ ಏರಿದ್ದು ಐದರಲ್ಲೊಂದು ಪಾಲು, ಹರಿಯುವ ವಿದ್ಯುತ್ ಮಾತ್ರ ಹೆಚ್ಚುಕಡಿಮೆ ಇಮ್ಮಡಿ. ರೆಸಿಸ್ಟರ್‌ನ ಬಿಸಿ ನಾಲ್ಕು ಪಟ್ಟು. ಎಂಜಿನ್ ಓಡಿಸಿದ ಮೊದಲ ವಾರದಲ್ಲೇ ಇಂಥ ಬಲ್ಬ್‌ಗಳು ನೀಲಿಗಟ್ಟಿ ಮಂಕಾಗುವುದು, ಮಿಣುಕುವುದು, ಕೊನೆಗೆ ಸಾಯುವುದು ಇದರಿಂದಲೇ. ಬೇಕಾದದ್ದು ವಿದ್ಯುತ್ತಿನ ಹರಿವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಡ್ರೈವರ್ ಇರುವ ಬಲ್ಬ್. ಪೊಟ್ಟಣದ ಮೇಲೆ "10–30 ವೋಲ್ಟ್" ಎಂದು ಬರೆದಿದ್ದರೆ ಒಳಗೆ ಅಂಥ ಡ್ರೈವರ್ ಇದೆ ಎಂದು ನಂಬಬಹುದು. ಬರೇ "12 ವೋಲ್ಟ್" ಎಂದಿದ್ದರೆ ಕೊಳ್ಳಬೇಡಿ.

ಕ್ಯಾಬಿನ್ನಿನ ಒಳಗೆ ಬಲ್ಬ್ ಬದಲಿಸುವುದು ಸುಲಭ, ಅಳತೆ ಮಾತ್ರ ಸರಿಯಾಗಿರಬೇಕು. ಎರಡು ಕಡ್ಡಿಗಳ ಜಿ4 ಬಲ್ಬ್‌ನಲ್ಲಿ ಕಡ್ಡಿಗಳ ನಡುವೆ 4 ಮಿಲಿಮೀಟರ್ ಇರುತ್ತದೆ. ತಟ್ಟೆಯಂಥ ಎಲ್‌ಇಡಿಯಲ್ಲಿ ಕಡ್ಡಿಗಳು ಬೆನ್ನಿನಿಂದ ಬರುತ್ತವೋ ಪಕ್ಕದಿಂದ ಬರುತ್ತವೋ ನೋಡಿಕೊಳ್ಳಿ, ತಪ್ಪಿದರೆ ಬೆಳಕು ಗೋಡೆಗೆ ಬೀಳುತ್ತದೆ. ಎರಡು ತುದಿಗಳಲ್ಲಿ ಸಿಕ್ಕಿಸುವ ಕೊಳವೆ ಬಲ್ಬ್‌ಗಳು 31ರಿಂದ 42 ಮಿಲಿಮೀಟರ್‌ವರೆಗೆ ಹಲವು ಉದ್ದಗಳಲ್ಲಿ ಬರುತ್ತವೆ, ಎರಡು ಮಿಲಿಮೀಟರ್ ಗಿಡ್ಡವಾದರೂ ಅಲೆಯ ಕುಲುಕಾಟಕ್ಕೆ ಸಂಪರ್ಕ ತಪ್ಪುತ್ತದೆ. ತಿರುಗಿಸಿ ಕೂರಿಸುವ 15 ಮಿಲಿಮೀಟರ್ ಬುಡದ ಬಲ್ಬ್‌ಗಳಲ್ಲಿ ಬಿಎ15ಎಸ್‌ಗೆ ಅಡಿಯಲ್ಲಿ ಒಂದು ಸಂಪರ್ಕಬಿಂದು, ಬಿಎ15ಡಿಗೆ ಎರಡು. ಬಿಎವೈ15ಡಿಗೂ ಎರಡು, ಆದರೆ ಅದರ ಬದಿಯ ಮೊಳೆಗಳು ಮೇಲೆ-ಕೆಳಗೆ ಇರುತ್ತವೆ. ಅಂಗಡಿಗೆ ಹಳೆಯ ಬಲ್ಬನ್ನೇ ಹಿಡಿದುಕೊಂಡು ಹೋಗುವುದು ಕ್ಷೇಮ.

ಹಾಕಿದ ಎಲ್‌ಇಡಿ ಉರಿಯದಿದ್ದರೆ ಬಲ್ಬನ್ನು ಬೈಯುವ ಮೊದಲು ಪ್ಲಸ್-ಮೈನಸ್ ನೋಡಿ. ಫಿಲಮೆಂಟ್‌ಗೆ ದಿಕ್ಕಿನ ಹಂಗಿಲ್ಲದ ಕಾರಣ, ಹಳೆಯ ದೋಣಿಗಳಲ್ಲಿ ತಂತಿಗಳು ಅದಲುಬದಲಾಗಿದ್ದರೂ ಯಾರಿಗೂ ಗೊತ್ತಾಗಿರುವುದಿಲ್ಲ. ಮಲ್ಟಿಮೀಟರ್ ಇಟ್ಟರೆ ಅರ್ಧ ನಿಮಿಷದ ಕೆಲಸ. ಹಸಿರುಗಟ್ಟಿದ ಸಂಪರ್ಕಗಳನ್ನು ಸಣ್ಣ ಉಜ್ಜುಕಾಗದದಿಂದ ತಿಕ್ಕಿ ಸ್ವಚ್ಛಗೊಳಿಸಿ, ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ತೆಳುವಾಗಿ ಸವರಿ. ಹಳೆಯ ಬಲ್ಬ್ ತನ್ನ ಕಾವಿನಿಂದ ಫಿಟ್ಟಿಂಗ್‌ನ ಒಳಗಿನ ತೇವವನ್ನು ಒಣಗಿಸುತ್ತಿತ್ತು. ತಣ್ಣಗಿರುವ ಎಲ್‌ಇಡಿಯಿಂದ ಆ ಉಪಕಾರವಿಲ್ಲ, ಉಪ್ಪುತೇವ ಒಳಗೇ ನಿಲ್ಲುತ್ತದೆ. ಹಾಗೆಂದು ಎಲ್‌ಇಡಿಗೆ ಬಿಸಿಯೇ ಇಲ್ಲವೆಂದಲ್ಲ. ಅದರ ಬಿಸಿ ಬೆಳಕಿನ ಜೊತೆ ಮುಂದೆ ಹೋಗದೆ ಬೆನ್ನಿನಲ್ಲಿ ಸೇರುತ್ತದೆ, ಗಾಳಿಯಾಡದ ಗೂಡಿನಲ್ಲಿ ಇಟ್ಟರೆ ಡ್ರೈವರ್ ಬೇಗ ಸಾಯುತ್ತದೆ.

ರಾತ್ರಿ ಪಹರೆಗೆ ಒಂದೆರಡು ಕೆಂಪು ಎಲ್‌ಇಡಿ ಇರಲಿ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20–30 ನಿಮಿಷ ಬೇಕು, ಬಿಳಿ ದೀಪ ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಮಂದವಾದ ಗಾಢ ಕೆಂಪು ಬೆಳಕು ಕತ್ತಲ ನೋಟದ ಕೋಶಗಳನ್ನು ಅಷ್ಟಾಗಿ ತಟ್ಟುವುದಿಲ್ಲ. ನಕ್ಷೆಯ ಮೇಜಿಗೆ ಮಾತ್ರ ಕೆಂಪು ಬೇಡ: ಕಡಲ ನಕ್ಷೆಗಳಲ್ಲಿ ಎಚ್ಚರಿಕೆಯ ಗುರುತುಗಳು, ದೀಪಗಳ ಚಿಹ್ನೆಗಳು ಮಜೆಂಟಾ ಬಣ್ಣದಲ್ಲಿರುತ್ತವೆ, ಕೆಂಪು ಬೆಳಕಿನಲ್ಲಿ ಅವು ಕಾಗದದಲ್ಲಿ ಕರಗಿಹೋಗುತ್ತವೆ. ಅಲ್ಲಿಗೆ ತೀರಾ ಮಂದವಾದ ಬಿಳಿಯೇ ಮೇಲು.

ಇನ್ನು ಹೊರಗಿನ ಸಂಚಾರ ದೀಪಗಳು. ಇಲ್ಲಿ ಹಳೆಯ ಲಾಂದ್ರಕ್ಕೆ ಎಲ್‌ಇಡಿ ಬಲ್ಬ್ ತುರುಕುವುದು ಬೇಡವೇ ಬೇಡ ಎಂಬುದು ನಮ್ಮ ಖಚಿತ ಮಾತು. 1972ರಲ್ಲಿ ಒಪ್ಪಿ 1977ರಲ್ಲಿ ಜಾರಿಗೆ ಬಂದ ಸಮುದ್ರ ಡಿಕ್ಕಿ ತಡೆ ಅಂತರರಾಷ್ಟ್ರೀಯ ನಿಯಮಗಳು ಈ ದೀಪಗಳ ಬಣ್ಣ, ಕೋನ, ಪ್ರಖರತೆ ಮೂರನ್ನೂ ನಿಗದಿ ಮಾಡಿವೆ. ಎಡಬದಿಯ ಕೆಂಪು 112.5 ಡಿಗ್ರಿ, ಬಲಬದಿಯ ಹಸಿರು 112.5, ಹಿಂಬದಿಯ ಬಿಳಿ 135. 12 ಮೀಟರಿಗಿಂತ ಚಿಕ್ಕ ದೋಣಿಯ ಬದಿಯ ದೀಪಗಳು 1 ನಾಟಿಕಲ್ ಮೈಲಿ, ಹಿಂಬದಿಯ ದೀಪ ಮತ್ತು ಲಂಗರು ದೀಪ 2 ಮೈಲಿ ದೂರ ಕಾಣಬೇಕು. ಅದಕ್ಕೆ ಬೇಕಾದ ಪ್ರಖರತೆ 0.9 ಮತ್ತು 4.3 ಕ್ಯಾಂಡೆಲಾ. ದೂರ ಇಮ್ಮಡಿಯಾದರೆ ಬೆಳಕು ನಾಲ್ಕು ಪಟ್ಟಿಗಿಂತಲೂ ಹೆಚ್ಚು ಬೇಕು, ಏಕೆಂದರೆ ನಡುವಿನ ಗಾಳಿಯೂ ಒಂದಿಷ್ಟನ್ನು ಹೀರಿಕೊಳ್ಳುತ್ತದೆ.

ಮೊದಲು ಬಣ್ಣದ ಮಾತು. ಬಿಳಿ ಎಲ್‌ಇಡಿಯಲ್ಲಿ ನಿಜವಾಗಿ ಇರುವುದು ನೀಲಿ ಚಿಪ್, ಅದರ ಮೇಲೆ ಹಳದಿ ಫಾಸ್ಫರ್ ಲೇಪ. ತಣ್ಣನೆಯ ಬಿಳಿಯಲ್ಲಿ ನೀಲಿ ಜಾಸ್ತಿ, ಕೆಂಪು ತೀರಾ ಕಡಿಮೆ. ಕೆಂಪು ಗಾಜಿನಿಂದ ದಾಟಿ ಬರಲು ಬೆಳಕಿನಲ್ಲಿ ಕೆಂಪೇ ಇಲ್ಲದಿದ್ದರೆ ದೀಪ ಮಂಕಾಗದೆ ಇನ್ನೇನು? ಹಸಿರು ಬದಿಯ ಕಥೆ ಇನ್ನೊಂದು: ಫಿಲಮೆಂಟ್‌ನ ಹಳದಿ ಬೆಳಕನ್ನು ಸರಿದೂಗಿಸಲು ಆ ಗಾಜಿಗೆ ಮೊದಲೇ ನೀಲಿ ಛಾಯೆ ಬೆರೆಸಿರುತ್ತಾರೆ, ಅದರ ಹಿಂದೆ ತಣ್ಣನೆಯ ಬಿಳಿ ಇಟ್ಟರೆ ಹಸಿರು ನೀಲಿಯತ್ತ ಜಾರುತ್ತದೆ. ಬೇರೆ ದಾರಿಯಿಲ್ಲದೆ ತಾತ್ಕಾಲಿಕವಾಗಿ ಹಾಕಲೇಬೇಕಾದರೆ 2700–3000 ಕೆಲ್ವಿನ್‌ನ ಬೆಚ್ಚನೆಯ ಬಿಳಿ ಹಾಕಿ.

ಕೋನದ್ದು ಇನ್ನೂ ದೊಡ್ಡ ತೊಡಕು. ತ್ರಿವರ್ಣ ಲಾಂದ್ರದೊಳಗೆ ನೆಟ್ಟಗೆ ನಿಂತ ಒಂದು ತೆಳ್ಳನೆಯ ಫಿಲಮೆಂಟ್ ಇರುತ್ತದೆ ಎಂದೇ ಗಾಜನ್ನೂ ನಡುವಿನ ಅಡ್ಡಪಟ್ಟಿಗಳನ್ನೂ ವಿನ್ಯಾಸ ಮಾಡಿರುತ್ತಾರೆ. ನೇರ ಮುಂದೆ ಕೆಂಪು-ಹಸಿರು ಕೂಡುವಲ್ಲಿ ಒಂದೊಂದು ಬಣ್ಣವೂ ತನ್ನ ಗಡಿ ದಾಟಿ 1ರಿಂದ 3 ಡಿಗ್ರಿಯೊಳಗೆ ಆರಿಹೋಗಬೇಕು. ಸುತ್ತಲೂ ಚಿಪ್ ಅಂಟಿಸಿದ ಹೆಬ್ಬೆರಳು ಗಾತ್ರದ ಎಲ್‌ಇಡಿ ಬಲ್ಬನ್ನು ಅಲ್ಲಿ ಇಟ್ಟರೆ ಗಡಿ ಕಲಸಿಹೋಗುತ್ತದೆ. ಪಕ್ಕದಲ್ಲಿ ಹಾದುಹೋಗಬೇಕಾದ ಹಡಗಿಗೆ ಎರಡೂ ಬಣ್ಣ ಒಟ್ಟಿಗೆ ಕಂಡು, ದೋಣಿ ತನ್ನತ್ತಲೇ ನೇರ ಬರುತ್ತಿದೆ ಎನಿಸುತ್ತದೆ. ಜೊತೆಗೆ ವಾಲುವಿಕೆ. ಹಾಯಿದೋಣಿ ಗಾಳಿಗೆ ಒಂದು ಬದಿಗೆ ಬಾಗಿಯೇ ಓಡುವುದರಿಂದ, ಮಟ್ಟಕ್ಕಿಂತ 25 ಡಿಗ್ರಿ ಮೇಲೆ ಮತ್ತು 25 ಡಿಗ್ರಿ ಕೆಳಗಿನವರೆಗೂ ಕನಿಷ್ಠ ಪ್ರಖರತೆಯ ಅರ್ಧವಾದರೂ ಇರಬೇಕೆಂದು ನಿಯಮವಿದೆ. ಗಾಜಿನ ನಾಭಿಯಿಂದ ಚಿಪ್‌ಗಳು ಸ್ವಲ್ಪ ಮೇಲೋ ಕೆಳಗೋ ಇದ್ದರೆ ಬೆಳಕು ಆಕಾಶಕ್ಕೋ ನೀರಿಗೋ ಹೋಗುತ್ತದೆ. ಲಾಂದ್ರದ ಪ್ರಮಾಣಪತ್ರ ಅದರ ಮೂಲ ಬಲ್ಬ್ ಸಮೇತ ಕೊಟ್ಟದ್ದು, ಬಲ್ಬ್ ಬದಲಾದರೆ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ. ಕೆಂಪಿಗೆ ಕೆಂಪು ಚಿಪ್, ಹಸಿರಿಗೆ ಹಸಿರು ಚಿಪ್ ಇಟ್ಟು ಮುಚ್ಚಿದ, ಪ್ರಮಾಣೀಕೃತ ಎಲ್‌ಇಡಿ ಲಾಂದ್ರ ದುಬಾರಿಯಾದರೂ ಅದನ್ನೇ ಹಾಕಿಸಿ. ತ್ರಿವರ್ಣ ದೀಪಕ್ಕೆ ಅವಕಾಶ ಇರುವುದು 20 ಮೀಟರಿಗಿಂತ ಚಿಕ್ಕ ದೋಣಿಗೆ, ಅದೂ ಹಾಯಿಯಲ್ಲಿ ಮಾತ್ರ ಸಾಗುವಾಗ. ಎಂಜಿನ್ ಹಾಕಿದ ಕೂಡಲೇ ಅದನ್ನು ಆರಿಸಿ, ಕೆಳಗಿನ ಬದಿಯ ದೀಪಗಳನ್ನೂ ಹಿಂಬದಿಯ ದೀಪವನ್ನೂ 225 ಡಿಗ್ರಿಯ ಬಿಳಿ ಮುಂಬೆಳಕನ್ನೂ ಹಚ್ಚಬೇಕು.

ತಂತಿಯ ವಿಷಯದಲ್ಲಿ ಎಲ್‌ಇಡಿ ಉದಾರಿ. ಸ್ವಿಚ್ ಫಲಕದಿಂದ ಕಂಬದ ತುದಿಗೆ 20 ಮೀಟರ್ ಎಂದರೆ ಹೋಗಿಬರುವ ತಂತಿ 40 ಮೀಟರ್. 1.5 ಚದರ ಮಿಲಿಮೀಟರ್ ತಾಮ್ರದಲ್ಲಿ ಅದರ ರೋಧ 0.46 ಓಮ್. ಹಳೆಯ ಬಲ್ಬ್‌ನ 2.1 ಆಂಪಿಯರ್‌ಗೆ ಹತ್ತಿರಹತ್ತಿರ 1 ವೋಲ್ಟ್ ದಾರಿಯಲ್ಲೇ ಸೋರಿ, ಬೆಳಕಿನ ಕಾಲುಭಾಗ ಹೋಗುತ್ತಿತ್ತು. ಎಲ್‌ಇಡಿಯ 0.2 ಆಂಪಿಯರ್‌ಗೆ ಸೋರುವುದು 0.1 ವೋಲ್ಟ್. ನಿರೋಧಕ ಹೊದಿಕೆ ಗಟ್ಟಿಯಿದ್ದರೆ ಹಳೆಯ ತಂತಿಯನ್ನೇ ಉಳಿಸಿಕೊಳ್ಳಬಹುದು.

ಕೊನೆಯ ತೊಂದರೆ ಕಣ್ಣಿಗೆ ಕಾಣದ್ದು. ಡ್ರೈವರ್ ಸೆಕೆಂಡಿಗೆ ಲಕ್ಷಾಂತರ ಸಲ ಆನ್-ಆಫ್ ಆಗುತ್ತಾ ರೇಡಿಯೊ ಗದ್ದಲ ಹೊರಡಿಸುತ್ತದೆ, ಕಂಬದ ತುದಿಯಲ್ಲಿ ಅದರ ನೆರೆಯಲ್ಲೇ ಹಡಗುಗಳು ಮಾತಾಡಿಕೊಳ್ಳುವ ವಿಎಚ್‌ಎಫ್ ರೇಡಿಯೊದ ಆಂಟೆನಾ ಇರುತ್ತದೆ. ಅಪಾಯದ ಕರೆಯ 16ನೇ ಚಾನೆಲ್ 156.8 ಮೆಗಾಹರ್ಟ್ಸ್‌ನಲ್ಲಿದೆ, ಹಡಗುಗಳ ಸ್ಥಾನ ಹೇಳುವ ಎಐಎಸ್ 162ರ ಆಸುಪಾಸಿನಲ್ಲಿದೆ. ಅಮೆರಿಕದ ಕೋಸ್ಟ್ ಗಾರ್ಡ್ 2018ರಲ್ಲಿ ಇದರ ಬಗ್ಗೆಯೇ ಸುರಕ್ಷಾ ಎಚ್ಚರಿಕೆ ಹೊರಡಿಸಿ, ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆಯನ್ನೂ ಹೇಳಿತು. ಎಲ್‌ಇಡಿಗಳನ್ನು ಆರಿಸಿ, ರೇಡಿಯೊವನ್ನು ಸದ್ದಿಲ್ಲದ ಚಾನೆಲ್‌ಗೆ ತಿರುಗಿಸಿ. ಹಿನ್ನೆಲೆಯ ಗದ್ದಲ ಅಡಗಿಸುವ ಸ್ಕ್ವೆಲ್ಚ್ ಗುಂಡಿಯನ್ನು ಸರ್ರ್ ಎಂಬ ಸದ್ದು ಬರುವವರೆಗೆ ಇಳಿಸಿ, ಆ ಸದ್ದು ನಿಲ್ಲುವಷ್ಟೇ ಮತ್ತೆ ಏರಿಸಿ. ಈಗ ಎಲ್‌ಇಡಿ ಹಚ್ಚಿ. ಸರ್ರ್ ಮರಳಿ ಬಂದರೆ ದೀಪ ನಿಮ್ಮ ರೇಡಿಯೊವನ್ನು ಕಿವುಡಾಗಿಸುತ್ತಿದೆ ಎಂದೇ ಲೆಕ್ಕ. ತಂತಿಯ ಮೂಲಕ ಹರಡುವ ಗದ್ದಲಕ್ಕೆ ಎರಡೂ ತಂತಿಗಳನ್ನು ಹೆಣೆದು, ದೀಪದ ಬುಡದಲ್ಲೇ ವಿಎಚ್‌ಎಫ್ ಆವರ್ತನಕ್ಕೆ ತಕ್ಕ ಫೆರೈಟ್ ಮಣಿ (ತಂತಿಯಲ್ಲಿನ ಗದ್ದಲ ತಡೆಯುವ ಉಂಗುರ) ತೊಡಿಸಿದರೆ ತಗ್ಗುತ್ತದೆ. ಬಲ್ಬ್‌ನಿಂದಲೇ ನೇರ ಸೂಸುವ ಗದ್ದಲಕ್ಕೆ ಮದ್ದಿಲ್ಲ, ದೀಪವನ್ನೇ ಬದಲಿಸಬೇಕು. ಈ ಪರೀಕ್ಷೆಯನ್ನು ಕಂಬ ಹತ್ತುವ ಮುಂಚೆಯೇ ಮಾಡಿ: ದೀಪವನ್ನು ಉದ್ದ ತಂತಿಯಲ್ಲಿ ಕಟ್ಟಿ, ಕೈ ರೇಡಿಯೊದ ಆಂಟೆನಾ ಪಕ್ಕ ಹಿಡಿದರೆ ಸಾಕು.

ಎಲ್ಲ ಕೂರಿಸಿದ ಮೇಲೆ, ಕತ್ತಲಾದ ಬಳಿಕ ಚಿಕ್ಕ ದೋಣಿಯಲ್ಲಿ ಸುಮಾರು ನೂರು ಮೀಟರ್ ದೂರದಿಂದ ಒಂದು ಸುತ್ತು ಬನ್ನಿ. ಎಲ್‌ಇಡಿಯಲ್ಲಿ ಒಂದು ಸಾಲಿನ ಚಿಪ್‌ಗಳು ಸತ್ತರೂ ಉಳಿದವು ಉರಿಯುತ್ತಿರುತ್ತವೆ, ಡೆಕ್ ಮೇಲೆ ನಿಂತವರಿಗೆ ದೀಪ ಸರಿಯಾಗಿಯೇ ಇದ್ದಂತೆ ಕಾಣುತ್ತದೆ. ಮುಂತುದಿಯ ನೇರದಲ್ಲಿ ಎರಡು ಬಣ್ಣವೂ, ಅಲ್ಲಿಂದ ಮೂರು ಡಿಗ್ರಿ, ಅಂದರೆ ನೂರು ಮೀಟರಿನಲ್ಲಿ ಐದು ಮೀಟರಿನಷ್ಟು ಪಕ್ಕಕ್ಕೆ ಸರಿದರೆ ಒಂದೇ ಬಣ್ಣವೂ ಕಾಣಬೇಕು. ಪಕ್ಕದ ಬಣ್ಣ ಮುಗಿದಲ್ಲಿ ಬಿಳಿ ತೊಡಗಬೇಕು, ನಡುವೆ ಕತ್ತಲ ತುಂಡು ಇರಬಾರದು. ಪ್ರತಿ ಪ್ರಯಾಣದ ಋತುವಿನ ಶುರುವಿನಲ್ಲೂ ಈ ಸುತ್ತು ಮತ್ತೆ ಆಗಲಿ, ಎಲ್‌ಇಡಿ ಒಮ್ಮೆಲೇ ಸುಟ್ಟುಹೋಗುವುದಕ್ಕಿಂತ ಯಾರಿಗೂ ತಿಳಿಯದಂತೆ ವರ್ಷದಿಂದ ವರ್ಷಕ್ಕೆ ಮಂಕಾಗುವುದೇ ಹೆಚ್ಚು.