ಪುಂಡಿಪಲ್ಯವೂ ಸೂಜಿ ಎಲೆಯೂ

ಉಕ್ಕಿನ ಕಾರ್ಖಾನೆಯ ಊರು ತೋರಣಗಲ್ಲಿಗೆ ಹೋಗುವ ರಸ್ತೆಯ ಒಂದು ಮನೆಯಿಂದ ಮೊನ್ನೆ ಫೋನ್ ಬಂತು. ಗೇಟಿನ ಪಕ್ಕದ ಕ್ರಿಸ್‌ಮಸ್ ಮರ ಹಳದಿಯಾಗುತ್ತಿದೆ ಅಂತ. ಹೋಗಿ ನೋಡಿದೆ. "ದಿನಾ ಬೋರಿನ ನೀರು ಬಿಡ್ತೀವಿ ಸಾರ್, ಯೂರಿಯಾನೂ ಹಾಕಿದ್ವಿ. ಆದ್ರೂ ಹಿಂಗಾಗೈತಿ ನೋಡ್ರಿ" ಅಂದರು ಮನೆಯಾಕೆ. ಕೆಳಗಿನ ಕೊಂಬೆಯೊಂದನ್ನು ಕರ್ಚೀಫಿನಿಂದ ಒರೆಸಿದೆ. ಕರ್ಚೀಫು ಕೆಂಪಾಯಿತು. ಅದಿರಿನ ಧೂಳು. ಕಳ್ಳ ಸಿಕ್ಕ ಅಂದುಕೊಂಡೆ.

ಹಾಗೆ ಅನ್ನಿಸಲು ಕಾರಣವಿದೆ. ನಮ್ಮ ಬೇವು ವರ್ಷ ವರ್ಷ ಎಲೆ ಉದುರಿಸಿ ಹೊಸದಾಗಿ ಚಿಗುರುತ್ತದೆ. ಪೈನ್, ಸ್ಪ್ರೂಸ್, ಕ್ರಿಸ್‌ಮಸ್ ಮರಗಳು ಹಾಗಲ್ಲ. ಸ್ಪ್ರೂಸ್‌ನ ಒಂದು ಸೂಜಿ ಎಲೆ ಐದಾರು ವರ್ಷ ಅದೇ ಕೊಂಬೆಯಲ್ಲಿರುತ್ತದೆ. ಅಷ್ಟೂ ವರ್ಷದ ಹೊಗೆ, ಧೂಳು ಅದರ ಖಾತೆಗೇ ಜಮೆ. (ಸರ್ವೆ ಮರವನ್ನು ಈ ಗುಂಪಿಗೆ ಸೇರಿಸಬೇಡಿ. ನೋಡಲು ಹಾಗೇ ಕಂಡರೂ ಅದು ಹೂ ಬಿಡುವ ಮರ.)

ಕಲ್ಲಿದ್ದಲು ಉರಿದಾಗ ಬರುವ ಸಲ್ಫರ್ ಡೈಆಕ್ಸೈಡ್ ಎಲೆಯ ಸಣ್ಣ ರಂಧ್ರಗಳಿಂದ ಒಳಗೆ ಹೋಗಿ, ಅಲ್ಲಿನ ತೇವದಲ್ಲಿ ಕರಗಿ ಸಲ್ಫೈಟ್ ಆಗುತ್ತದೆ. ಅದು ವಿಷ. ಗಿಡ ಅದನ್ನು ಸಲ್ಫೇಟ್ ಮಾಡಿ ಹೇಗೋ ಅರಗಿಸಿಕೊಳ್ಳುತ್ತದೆ. ಸ್ವಲ್ಪ ಇದ್ದರೆ ಗಂಧಕದ ಗೊಬ್ಬರ ಸಿಕ್ಕ ಹಾಗೆ. ಜಾಸ್ತಿಯಾದರೆ ಎಲೆಯೊಳಗೆ ಹುಳಿ ಏರುತ್ತದೆ.

ಹುಳಿ ಏರಿದರೆ ಏನಾಗುತ್ತದೆ? ಹುಳಿ ಸೊಪ್ಪು ಪುಂಡಿಪಲ್ಯ (ಗೋಂಗುರ) ಬೇಯಿಸಿದವರಿಗೆ ಗೊತ್ತು. ಹಸಿರಾಗಿದ್ದ ಸೊಪ್ಪು ನೋಡನೋಡುತ್ತಲೇ ಕಂದು ತಿರುಗುತ್ತದೆ. ಎಲೆಯ ಹಸಿರು ಕಣದ ನಟ್ಟನಡುವೆ ಮೆಗ್ನೀಸಿಯಂ ಕೂತಿರುತ್ತದೆ. ಹುಳಿ ಅದನ್ನು ಎಬ್ಬಿಸಿ ಕಳಿಸುತ್ತದೆ, ಬಣ್ಣ ಸತ್ತುಹೋಗುತ್ತದೆ. ಹೊಗೆ ತಿಂದ ಎಲೆಯಲ್ಲೂ ಇದೇ ಆಗುತ್ತದೆ. ಒಲೆ ಇಲ್ಲ, ನಿಧಾನ ಅಷ್ಟೇ.

1980ರ ಆಸುಪಾಸಿನಲ್ಲಿ ಜರ್ಮನಿಯ ಸ್ಪ್ರೂಸ್ ಕಾಡುಗಳು ಹಳದಿಯಾದಾಗ ಇನ್ನೊಂದು ದಾರಿ ಕಂಡಿತು. ಆಮ್ಲ ಮಳೆ ಮಣ್ಣಿನ ಮೆಗ್ನೀಸಿಯಂ ಅನ್ನೇ ತೊಳೆದುಹಾಕಿತ್ತು. ಆಗ ಮರ ಹಳೇ ಎಲೆಯಲ್ಲಿದ್ದದ್ದನ್ನು ಕಿತ್ತು ಚಿಗುರಿಗೆ ಕೊಡುತ್ತದೆ. ಹಾಗಾಗಿ ಮೊದಲು ಹಳದಿಯಾಗೋದು ಹಳೇ ಎಲೆ.

ಇದು ನೆನಪಾಗಿ ಮರವನ್ನು ಮತ್ತೆ ನೋಡಿದೆ. ಧೂಳು ಒರೆಸಿದ ಹಳೇ ಎಲೆ ಗಟ್ಟಿ ಹಸಿರು. ತುದಿಯ ಚಿಗುರು ಮಾತ್ರ ನಿಂಬೆ ಬಣ್ಣ. ನನ್ನ ಲೆಕ್ಕ ಉಲ್ಟಾ ಆಗಿತ್ತು. ಇದು ಕಬ್ಬಿಣದ ಕೊರತೆ. ಕಬ್ಬಿಣ ಹಳೇ ಎಲೆಯಿಂದ ಸುಲಭವಾಗಿ ಕದಲುವುದಿಲ್ಲ, ಚಿಗುರೇ ಉಪವಾಸ ಬೀಳುತ್ತದೆ.

"ಇಡೀ ಊರೇ ಕಬ್ಬಿಣ ಐತಲ್ಲ ಸಾರ್!" ಅಂದು ಆಕೆ ನಕ್ಕರು. ನಿಜವೇ. ಆದರೆ ಅದಿರಿನ ಧೂಳು ತುಕ್ಕಿನ ಹಾಗೆ, ನೀರಲ್ಲಿ ಕರಗೋದಿಲ್ಲ. ಸುಣ್ಣದ ಅಂಶವಿರುವ ಎರೆ ಮಣ್ಣಲ್ಲಿ ಬೇರಿಗೆ ಸಿಗೋದು ಇನ್ನೂ ಕಷ್ಟ. ಮೇಲೆ ದಿನಾ ಬೋರಿನ ಗಡಸು ನೀರು! ಹಾಗಂತ ಧೂಳು ಸಾಚಾ ಅಲ್ಲ. ರಂಧ್ರ ಮುಚ್ಚುತ್ತದೆ, ಬೆಳಕು ತಡೆಯುತ್ತದೆ. ಈ ಸಲದ ಹಳದಿ ಮಾತ್ರ ಅದರದ್ದಲ್ಲ.

ನೀರು ವಾರಕ್ಕೆರಡು ಸಲ ಸಾಕು ಅಂದೆ. ಯೂರಿಯಾ ನಿಲ್ಲಿಸಿ. ಬೆಳಿಗ್ಗೆ ಪೈಪ್ ಹಿಡಿದು ಎಲೆ ತೊಳೆಯಿರಿ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ನೀರಲ್ಲಿ ಕರಗುವ ಕಬ್ಬಿಣದ ಲವಣ, ಫೆರಸ್ ಸಲ್ಫೇಟ್), ಸ್ವಲ್ಪ ನಿಂಬೆರಸ ಬೆರೆಸಿ ಸಂಜೆ ಚಿಗುರಿಗೆ ಸಿಂಪಡಿಸಿ. "ಶೇಂಗಾಕ್ಕೆ ನಮ್ಮಪ್ಪ ಇದನ್ನೇ ಹೊಡೀತಿದ್ರು" ಅಂದರು ಆಕೆ.