ಅಬುಧಾಬಿಯಲ್ಲಿ ಸೋತವರು ಫೈನಲ್‌ಗೆ ಹೋದದ್ದು ಹೇಗೆ?

ಪ್ರಶ್ನೆ: ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ತಂಡವೊಂದು ಸೀಸನ್ ಶುರುವಾಗುವ ಮೊದಲು ವಿದೇಶಕ್ಕೆ ಹೋಗಿ ಸೋತು ಬಂದರೆ, ಅಭಿಮಾನಿಗಳಲ್ಲಿ ಅರ್ಧ ಜನ ‘ಈ ವರ್ಷದ ಕತೆ ಮುಗೀತು’ ಅಂತಾರೆ. ಉಳಿದರ್ಧ ಜನ ‘ಪ್ರೀಸೀಸನ್ ತಾನೇ, ಬಿಡ್ರೀ’ ಅಂತಾರೆ. ಇವರಲ್ಲಿ ಯಾರ ಮಾತು ನಂಬಬೇಕು?

ಉತ್ತರ: ಇಬ್ಬರದ್ದೂ ಬೇಡ. ಇಬ್ಬರೂ ನೋಡುತ್ತಿರುವುದು ಕೊನೆಯ ಸ್ಕೋರನ್ನು. ಒಬ್ಬರು ಅದನ್ನು ಕಂಡು ಬೆಚ್ಚಿಬೀಳುತ್ತಾರೆ, ಇನ್ನೊಬ್ಬರು ಅದನ್ನು ಕಂಡು ಪಂದ್ಯವನ್ನೇ ಪಕ್ಕಕ್ಕೆ ತಳ್ಳುತ್ತಾರೆ. ಪ್ರೀಸೀಸನ್ ಪಂದ್ಯದಲ್ಲಿ ಅತಿ ಕಡಿಮೆ ಸುದ್ದಿ ಇರುವುದು ಆ ಸ್ಕೋರಿನಲ್ಲೇ. ಹಾಗಂತ ಪಂದ್ಯದಲ್ಲಿ ಸುದ್ದಿಯೇ ಇರುವುದಿಲ್ಲ ಎಂದಲ್ಲ.

ಡಲ್ಲಾಸ್ ಮ್ಯಾವರಿಕ್ಸ್ ತಂಡದ 2023ರ ಅಕ್ಟೋಬರ್ ತಿಂಗಳನ್ನು ನೋಡಿ. ಅಬುಧಾಬಿಯ ಎತಿಹಾದ್ ಅರೀನಾದಲ್ಲಿ ಮಿನ್ನೆಸೋಟ ಟಿಂಬರ್‌ವುಲ್ವ್ಸ್ ವಿರುದ್ಧ ಎರಡು ಪಂದ್ಯ ಆಡಿತು. ಎರಡರಲ್ಲೂ ಸೋಲು: ಅಕ್ಟೋಬರ್ 5ರಂದು 111–99, 7ರಂದು 104–96. ಅಲ್ಲಿಂದ ಮ್ಯಾಡ್ರಿಡ್‌ಗೆ ಹಾರಿ 10ರಂದು ರಿಯಲ್ ಮ್ಯಾಡ್ರಿಡ್ ವಿರುದ್ಧ ಆಡಿ 127–123ರಿಂದ ಅಲ್ಲೂ ಸೋತಿತು. ಮೂರು ಪಂದ್ಯ, ಮೂರು ಸೋಲು. ಮೂರನೆಯದು ಎನ್‌ಬಿಎ ತಂಡದ ಕೈಯಲ್ಲೂ ಅಲ್ಲ, ಸ್ಪೇನಿನ ಕ್ಲಬ್ ಒಂದರ ಕೈಯಲ್ಲಿ.

ಡಲ್ಲಾಸ್ ಅಭಿಮಾನಿಗಳಿಗೆ ಗಾಬರಿಯಾಗಲು ಕಾರಣವೂ ಇತ್ತು. ಹಿಂದಿನ ಸೀಸನ್‌ನಲ್ಲಿ 38 ಗೆಲುವು, 44 ಸೋಲು, ಪ್ಲೇಆಫ್ ಕೈತಪ್ಪಿತ್ತು. ನಡುವರ್ಷದಲ್ಲಿ ಕೈರಿ ಇರ್ವಿಂಗ್ ಅವರನ್ನು ಕರೆತಂದರೂ, ಅವರೂ ತಂಡದ ತಾರೆ ಲೂಕಾ ಡಾಂಚಿಚ್ ಅವರೂ ಒಟ್ಟಿಗೆ ಆಡಿದ 16 ಪಂದ್ಯಗಳಲ್ಲಿ ತಂಡ ಗೆದ್ದದ್ದು 5 ಮಾತ್ರ. ಇಂಥ ವರ್ಷದ ಬೆನ್ನಿಗೇ ಮೂರು ಸೋಲು ಬಂದರೆ ‘ಈ ಇಬ್ಬರ ಜೋಡಿ ಕೂಡಿಬರಲ್ಲ’ ಎಂದು ಗೊಣಗದೆ ಇರುತ್ತಾರೆಯೇ? ಅಭಿಮಾನಿಗಳು ಪ್ರೀಸೀಸನ್ ಸೋಲಿಗೆ ಹೆದರುವುದು ಬಹುತೇಕ ಹೀಗೇ. ಸೋಲು ಹೊಸ ಭಯವನ್ನು ಹುಟ್ಟಿಸುವುದಿಲ್ಲ, ಹೋದ ವರ್ಷದ ಭಯಕ್ಕೆ ಒಂದು ತಾರೀಕು ಕೊಡುತ್ತದೆ. ಹೋದ ವರ್ಷ ಕಪ್ ಗೆದ್ದ ತಂಡ ಹೀಗೆ ಸೋತರೆ ಅದರ ಅಭಿಮಾನಿಗಳು ನಗುತ್ತಾ ಟಿವಿ ಆರಿಸುತ್ತಾರೆ.

ಆಮೇಲೇನಾಯಿತು? ಮ್ಯಾಡ್ರಿಡ್ ಪಂದ್ಯ ಮುಗಿದು 15 ದಿನಕ್ಕೆ, ಅಕ್ಟೋಬರ್ 25ರಂದು ಸ್ಯಾನ್ ಆಂಟೋನಿಯೋದಲ್ಲಿ ಡಲ್ಲಾಸ್ ಸೀಸನ್ ಶುರುಮಾಡಿತು. ಅದು ವಿಕ್ಟರ್ ವೆಂಬನ್ಯಾಮಾ ಅವರ ಮೊದಲ ಎನ್‌ಬಿಎ ಪಂದ್ಯ, ಎಲ್ಲರ ಕಣ್ಣೂ ಆ ಹುಡುಗನ ಮೇಲೆ. ಗೆದ್ದದ್ದು ಡಲ್ಲಾಸ್, 126–119ರಿಂದ. ಮೊದಲ ನಾಲ್ಕೂ ಪಂದ್ಯಗಳನ್ನು ಗೆದ್ದು, ಕೊನೆಗೆ 50 ಗೆಲುವಿನೊಂದಿಗೆ ಪಶ್ಚಿಮ ವಿಭಾಗದಲ್ಲಿ ಐದನೇ ಸ್ಥಾನಕ್ಕೆ ಬಂತು. ಪ್ಲೇಆಫ್‌ನಲ್ಲಿ ಕ್ಲಿಪ್ಪರ್ಸ್, ಥಂಡರ್ ತಂಡಗಳನ್ನು ದಾಟಿ ವಿಭಾಗದ ಫೈನಲ್‌ಗೆ ಬಂದಾಗ ಎದುರಿಗಿದ್ದವರು ಯಾರು? ಅದೇ ಟಿಂಬರ್‌ವುಲ್ವ್ಸ್. ಅಬುಧಾಬಿಯಲ್ಲಿ ಎರಡಕ್ಕೆರಡೂ ಗೆದ್ದಿದ್ದ ಆ ತಂಡವನ್ನು ಡಲ್ಲಾಸ್ 4–1ರಿಂದ ಮನೆಗೆ ಕಳಿಸಿತು. ಎರಡನೇ ಪಂದ್ಯದ ಕೊನೆಯ ಕ್ಷಣಗಳಲ್ಲಿ ಡಾಂಚಿಚ್ ಹಿಂದಕ್ಕೆ ಸರಿದು, ರೂಡಿ ಗೊಬೇರ್ ಅವರ ಚಾಚಿದ ಕೈಯ ಮೇಲಿಂದ ಹೊಡೆದ ತ್ರೀ-ಪಾಯಿಂಟರ್ (ದೂರದಿಂದ ಹೊಡೆದು ಮೂರು ಅಂಕ ತರುವ ಶಾಟ್) ಆ ಸರಣಿಯ ಜೀವಾಳ. ಆ ರಾತ್ರಿಯ ಸ್ಕೋರು 109–108. ಎನ್‌ಬಿಎ ಫೈನಲ್‌ನಲ್ಲಿ ಬಾಸ್ಟನ್ ಎದುರು 4–1ರಿಂದ ಸೋತರು, ಅದು ಬೇರೆ ಮಾತು.

‘ನೋಡಿದ್ರಾ, ಪ್ರೀಸೀಸನ್‌ಗೆ ಅರ್ಥವೇ ಇಲ್ಲ’ ಎಂದು ಎರಡನೇ ಗುಂಪಿನವರು ಇಲ್ಲಿ ಎದೆ ತಟ್ಟಿಕೊಳ್ಳಬಹುದು. ಸ್ವಲ್ಪ ತಡೆಯಿರಿ. ಅಬುಧಾಬಿಗೆ ಹೋದ ತಂಡವೂ ಫೈನಲ್‌ಗೆ ಹೋದ ತಂಡವೂ ಒಂದೇ ಅಲ್ಲ. 2024ರ ಫೆಬ್ರವರಿಯಲ್ಲಿ ಡಲ್ಲಾಸ್ ಪಿ.ಜೆ. ವಾಷಿಂಗ್ಟನ್ ಮತ್ತು ಡೇನಿಯಲ್ ಗ್ಯಾಫರ್ಡ್ ಅವರನ್ನು ತಂದು, ಬೇಸಿಗೆಯಲ್ಲಷ್ಟೇ ಸೇರಿಸಿಕೊಂಡಿದ್ದ ಗ್ರ್ಯಾಂಟ್ ವಿಲಿಯಮ್ಸ್ ಅವರನ್ನು ಬಿಟ್ಟುಕೊಟ್ಟಿತು. ಬಾಸ್ಕೆಟ್ ಕೆಳಗಿನ ರಕ್ಷಣೆಯೂ, ತಪ್ಪಿದ ಶಾಟ್ ಹಿಡಿಯುವ ರೀಬೌಂಡ್ ಬಲವೂ ಬದಲಾದದ್ದು ಆಗಲೇ. ಅಂದರೆ ಅಕ್ಟೋಬರ್‌ನಲ್ಲಿ ‘ಈ ತಂಡಕ್ಕೆ ಇನ್ನೂ ಏನೋ ಬೇಕು’ ಎಂದವರ ಮಾತು ಪೂರ್ತಿ ತಪ್ಪಾಗಿರಲಿಲ್ಲ. ತಂಡದ ಆಡಳಿತಕ್ಕೂ ಹಾಗೇ ಅನ್ನಿಸಿರಬೇಕು, ಇಲ್ಲವಾದರೆ ನಡುವರ್ಷದಲ್ಲಿ ಇಷ್ಟು ದೊಡ್ಡ ಅದಲುಬದಲು ಯಾಕೆ? ಆ ಅನುಮಾನಕ್ಕೆ ಮೂರು ಸೋಲನ್ನೇ ಸಾಕ್ಷಿಯಾಗಿ ಹಿಡಿದದ್ದು ಮಾತ್ರ ತಪ್ಪು.

ಸ್ಕೋರು ಯಾಕೆ ಸಾಕ್ಷಿಯಲ್ಲ ಎಂದರೆ ಪಂದ್ಯ ಆಡುವ ರೀತಿಯೇ ಬೇರೆ. ಸೀಸನ್ ಶುರುವಾದ ಮೇಲೆ ಒಂದು ತಂಡದಲ್ಲಿ 15 ಆಟಗಾರರು, ಜೊತೆಗೆ ಕೆಳಹಂತದ ಜಿ ಲೀಗ್‌ಗೂ ಎನ್‌ಬಿಎಗೂ ಓಡಾಡಿಕೊಂಡಿರುವ ‘ಟೂ-ವೇ’ ಕರಾರಿನ ಮೂವರು. ಅಕ್ಟೋಬರ್ ಕ್ಯಾಂಪ್‌ನಲ್ಲಾದರೆ 21 ಜನರವರೆಗೂ ಇರಬಹುದು. ಹೀಗೆ ಹೆಚ್ಚುವರಿಯಾಗಿ ಬಂದವರಲ್ಲಿ ಕೆಲವರದ್ದು ‘ಎಕ್ಸಿಬಿಟ್ 10’ ಎಂಬ ಕರಾರು: ಸೀಸನ್‌ಗೆ ಮುಂಚೆ ಕೈಬಿಟ್ಟರೂ, ಆ ತಂಡದ್ದೇ ಜಿ ಲೀಗ್ ತಂಡ ಸೇರಿ 60 ದಿನ ಉಳಿದರೆ ಒಂದಿಷ್ಟು ಬೋನಸ್ ಸಿಗುತ್ತದೆ. ಈಗ ಯೋಚಿಸಿ, ನಾಲ್ಕನೇ ಕ್ವಾರ್ಟರ್‌ನಲ್ಲಿ ಅಂಕಣದಲ್ಲಿ ಇರುವವರು ಯಾರು? ಬಹುಮಟ್ಟಿಗೆ ಇವರೇ. ದೊಡ್ಡ ಆಟಗಾರರು ಮೊದಲರ್ಧ ಆಡಿ, ಟವೆಲ್ ಹೊದ್ದು ಬೆಂಚಿನಲ್ಲಿ ಕೂತಿರುತ್ತಾರೆ. ನೀವು ಬೆಳಿಗ್ಗೆ ಎದ್ದು ನೋಡುವ ಕೊನೆಯ ಸ್ಕೋರನ್ನು ಬರೆದವರು, ನವೆಂಬರ್ ಹೊತ್ತಿಗೆ ಆ ಜೆರ್ಸಿಯಲ್ಲೇ ಇರುವುದಿಲ್ಲ. ಕ್ರಿಕೆಟ್ ಪ್ರವಾಸದ ಅಭ್ಯಾಸ ಪಂದ್ಯ ನೋಡಿದವರಿಗೆ ಇದು ಹೊಸದೇನಲ್ಲ: ಅರ್ಧಶತಕ ಮುಟ್ಟಿದ ಬ್ಯಾಟರ್ ತಾನಾಗಿಯೇ ಹೊರನಡೆದು ಬೇರೆಯವರಿಗೆ ಅವಕಾಶ ಬಿಡುವ ಆಟದಲ್ಲಿ ಗೆದ್ದವರು ಯಾರೆಂದು ಕೇಳುವವರೇ ಕಡಿಮೆ.

ಕೋಚ್‌ಗಳೂ ಗೆಲ್ಲಲೆಂದೇ ಆಡಿಸುವುದಿಲ್ಲ. ಯಾರ ಜೊತೆ ಯಾರು ಹೊಂದುತ್ತಾರೆ, ಹೊಸ ರಕ್ಷಣಾ ತಂತ್ರ ಎಲ್ಲಿ ಸೋರುತ್ತದೆ ಎಂದು ನೋಡಲು ಬೇಕೆಂದೇ ವಿಚಿತ್ರ ಐವರನ್ನು ಇಳಿಸುತ್ತಾರೆ. ಸೋರುವುದು ಕಂಡರೆ ಅವರಿಗೆ ಅದೇ ಲಾಭ.

ಇನ್ನು ಮ್ಯಾಡ್ರಿಡ್ ಸೋಲು. ಎಲ್ಲಕ್ಕಿಂತ ಹೆಚ್ಚು ನಗೆಪಾಟಲಾಗುವುದು ಇಂಥದ್ದೇ: ‘ಎನ್‌ಬಿಎ ತಂಡ ಹೋಗಿ ಹೋಗಿ ಯುರೋಪಿನವರ ಕೈಲಿ ಸೋಲುವುದೇ?’ ಈ ಮಾತಿನಲ್ಲಿ ಅಮೆರಿಕದ ಗರ್ವ ಎಷ್ಟಿದೆಯೋ ಬಾಸ್ಕೆಟ್‌ಬಾಲ್ ತಿಳುವಳಿಕೆ ಅಷ್ಟೇ ಕಡಿಮೆ. ಆ ಹೊತ್ತಿಗೆ ರಿಯಲ್ ಮ್ಯಾಡ್ರಿಡ್ ಯುರೋಪಿನ ಚಾಂಪಿಯನ್. ಅದೇ ವರ್ಷದ ಮೇ ತಿಂಗಳಲ್ಲಿ ಯುರೋಲೀಗ್ ಫೈನಲ್‌ನಲ್ಲಿ ಒಲಿಂಪಿಯಾಕೋಸ್ ವಿರುದ್ಧ 79–78ರಿಂದ ಗೆದ್ದಿತ್ತು, ಗೆಲುವಿನ ಶಾಟ್ ಹೊಡೆದವರು ಸೆರ್ಹಿಯೊ ಯುಲ್. ಹ್ಯೂಸ್ಟನ್ ರಾಕೆಟ್ಸ್ ಇವರಿಗಾಗಿ ವರ್ಷಗಟ್ಟಲೆ ಕಾದರೂ ಮ್ಯಾಡ್ರಿಡ್ ಬಿಟ್ಟು ಕದಲದ ಮನುಷ್ಯ. ಅದೇ ತಂಡದ ಫಕುಂಡೊ ಕಂಪಾಸೊ ಹಿಂದಿನ ವರ್ಷ ಕೆಲವು ವಾರ ಡಲ್ಲಾಸ್ ಜೆರ್ಸಿ ತೊಟ್ಟು, ಆಮೇಲೆ ಕೈಬಿಡಿಸಿಕೊಂಡವರು. ಮುಖ್ಯ ವಿಷಯ ಇದು: ಸ್ಪೇನ್ ಸೆಪ್ಟೆಂಬರ್‌ನಲ್ಲೇ ಆಟಕ್ಕಿಳಿದಿರುತ್ತದೆ. ಮ್ಯಾಡ್ರಿಡ್ ಆಗಲೇ ಸೂಪರ್‌ಕಪ್ ಗೆದ್ದು ಲಯಕ್ಕೆ ಬಂದಾಗಿತ್ತು. ಡಲ್ಲಾಸ್‌ಗೆ ಅದು ಕ್ಯಾಂಪ್‌ನ ಮುಂದುವರಿಕೆ, ಮ್ಯಾಡ್ರಿಡ್‌ಗೆ ತವರಿನ ಜನರ ಮುಂದೆ ಮಾನದ ಪ್ರಶ್ನೆ.

ಯುರೋಪಿನವರು ಗೆಲ್ಲುವುದು ನಿನ್ನೆ ಮೊನ್ನೆಯದೂ ಅಲ್ಲ. 1978ರಲ್ಲೇ ಯುರೋಪಿನ ಟೂರ್ನಿಗಳಲ್ಲಿ ಆಡುವ ಇಸ್ರೇಲಿನ ಮಕಾಬಿ ಟೆಲ್ ಅವೀವ್, ಆಗಿನ ಎನ್‌ಬಿಎ ಚಾಂಪಿಯನ್ ವಾಷಿಂಗ್ಟನ್ ಬುಲೆಟ್ಸ್ ತಂಡವನ್ನು 98–97ರಿಂದ ಸೋಲಿಸಿತ್ತು. 2005ರಲ್ಲಿ ಅದೇ ಮಕಾಬಿ ಟೊರಾಂಟೊಗೇ ಹೋಗಿ ರ‍್ಯಾಪ್ಟರ್ಸ್ ತಂಡವನ್ನು 105–103ರಿಂದ ಮಣಿಸಿತು; ಕೊನೆಯ ಶಾಟ್ ಹೊಡೆದ ಆಂಟನಿ ಪಾರ್ಕರ್ ಅವರನ್ನು ಮರುವರ್ಷ ರ‍್ಯಾಪ್ಟರ್ಸ್‌ನವರೇ ಕರೆದು ಕೆಲಸ ಕೊಟ್ಟರು. ಸೋಲಿನಿಂದ ಇಷ್ಟು ನೇರವಾಗಿ ಲಾಭ ಪಡೆದ ತಂಡ ಇನ್ನೊಂದು ಸಿಗಲಿಕ್ಕಿಲ್ಲ. 2010ರಲ್ಲಿ ಬಾರ್ಸಿಲೋನಾ 92–88ರಿಂದ ಲೇಕರ್ಸ್ ಮೇಲೆ ಗೆದ್ದಾಗ ಲೇಕರ್ಸ್ ಸತತ ಎರಡು ವರ್ಷದ ಚಾಂಪಿಯನ್. ಬೇಸಿಗೆಯಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಕೋಬಿ ಬ್ರಯಂಟ್ ಅಂದು ಹೊಡೆದ 15 ಶಾಟ್‌ಗಳಲ್ಲಿ ಒಳಗೆ ಹೋದದ್ದು 2. ಆ ಸೀಸನ್‌ನಲ್ಲಿ ಲೇಕರ್ಸ್ 57 ಪಂದ್ಯ ಗೆದ್ದಿತು. 2016ರಲ್ಲಿ ತಾರೆ ಕೆವಿನ್ ಡ್ಯುರಾಂಟ್ ತಂಡ ಬಿಟ್ಟುಹೋದ ಗಾಯ ಹಸಿಯಾಗಿದ್ದಾಗಲೇ ಓಕ್ಲಹೋಮಾ ಸಿಟಿ ಮ್ಯಾಡ್ರಿಡ್‌ನಲ್ಲಿ ಓವರ್‌ಟೈಮ್ ಆಡಿ 142–137ರಿಂದ ಸೋತಿತು. ಅದೇ ವರ್ಷ ರಸೆಲ್ ವೆಸ್ಟ್‌ಬ್ರೂಕ್ ಸೀಸನ್ ಪೂರ್ತಿ ಟ್ರಿಪಲ್-ಡಬಲ್ ಸರಾಸರಿ (ಅಂಕ, ರೀಬೌಂಡ್, ಪಾಸ್ ಕೊಟ್ಟು ಹೊಡೆಸಿದ ಶಾಟ್ ಮೂರರಲ್ಲೂ ಪಂದ್ಯಕ್ಕೆ ಹತ್ತಕ್ಕೂ ಹೆಚ್ಚು) ಕಾಯ್ದುಕೊಂಡು ಎಂವಿಪಿ, ಅಂದರೆ ಸೀಸನ್‌ನ ಶ್ರೇಷ್ಠ ಆಟಗಾರ, ಆದರು.

ಹಾಗಾದರೆ ಸೋಲು ಎಂದೂ ಮುನ್ಸೂಚನೆ ಆಗಲಾರದೇ? ಇಲ್ಲಿ ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ, ಅದು ಎರಡೂ ಕಡೆ ವಾಲುತ್ತದೆ. 2019ರ ಅಕ್ಟೋಬರ್ 4 ಮತ್ತು 5ರಂದು ಮುಂಬೈನ ಎನ್‌ಎಸ್‌ಸಿಐ ಡೋಮ್‌ನಲ್ಲಿ ಇಂಡಿಯಾನಾ ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್ ಎದುರಾದವು, ಭಾರತದಲ್ಲಿ ನಡೆದ ಮೊದಲ ಎನ್‌ಬಿಎ ಪಂದ್ಯಗಳು ಅವು. ಕಿಂಗ್ಸ್ ಮಾಲೀಕ ವಿವೇಕ್ ರಣದಿವೆ ಹುಟ್ಟಿದ್ದೇ ಮುಂಬೈನಲ್ಲಿ. ಮಾಲೀಕರ ಊರಿನಲ್ಲಿ ತಂಡ ಎರಡೂ ಪಂದ್ಯ ಸೋತಿತು: ಮೊದಲನೆಯದು ಓವರ್‌ಟೈಮ್‌ನಲ್ಲಿ 132–131, ಎರಡನೆಯದು 130–106. ಸೀಸನ್ ಶುರುವಾದ ಮೇಲೆ ಕಿಂಗ್ಸ್ ಮೊದಲ ಐದೂ ಪಂದ್ಯ ಸೋತು, ಕೊನೆಗೆ 31 ಗೆಲುವಿಗೆ ನಿಂತಿತು. ‘ಮುಂಬೈನಲ್ಲೇ ಗೊತ್ತಾಗಿತ್ತು’ ಎನ್ನಬಹುದಲ್ಲ? ಆದರೆ ಮುಂಬೈನಲ್ಲಿ ಎರಡೂ ಗೆದ್ದ ಪೇಸರ್ಸ್ ಕೂಡ ಸೀಸನ್‌ನ ಮೊದಲ ಮೂರು ಪಂದ್ಯ ಸೋತಿತ್ತು! ಗೆದ್ದವರೂ ಸೋತವರೂ ಸೇರಿ ಮೊದಲ ಎಂಟರಲ್ಲಿ ಸೊನ್ನೆ. ಪೇಸರ್ಸ್ ಆಮೇಲೆ ಸುಧಾರಿಸಿಕೊಂಡು 45 ಪಂದ್ಯ ಗೆದ್ದಿತು.

ನನ್ನ ಅನುಮಾನ ಸ್ಕೋರಿಗಿಂತ ವಿಮಾನದ ಮೇಲೆ. ಸ್ಯಾಕ್ರಮೆಂಟೊಗೂ ಮುಂಬೈಗೂ ಹನ್ನೆರಡೂವರೆ ಗಂಟೆಯ ಅಂತರ. ಅಲ್ಲಿ ಹಗಲಾದರೆ ಇಲ್ಲಿ ರಾತ್ರಿ. ನಿದ್ದೆ ಕೆಟ್ಟು, ಅಭ್ಯಾಸದ ದಿನಗಳು ಪ್ರಯಾಣಕ್ಕೇ ಹೋಗಿ, ಪ್ರಾಯೋಜಕರ ಕಾರ್ಯಕ್ರಮಗಳಿಗೆ ಬೇರೆ ನಗುಮುಖ ಹೊತ್ತು ನಿಲ್ಲಬೇಕು. ಈ ಪ್ರವಾಸಗಳನ್ನು ಲೀಗ್ ಏರ್ಪಡಿಸುವುದೇ ಹೊಸ ಮಾರುಕಟ್ಟೆಗಾಗಿ, ಕೋಚ್‌ಗಳ ಅನುಕೂಲಕ್ಕಲ್ಲ. ಆದರೆ ಇದನ್ನೂ ನಿಯಮ ಮಾಡಲಾಗದು. ಡಲ್ಲಾಸ್‌ಗೂ ಅಬುಧಾಬಿಗೂ ಒಂಬತ್ತು ಗಂಟೆಯ ಅಂತರವಿದ್ದರೂ ಅವರು ಮೊದಲ ನಾಲ್ಕೂ ಗೆದ್ದದ್ದು ಆಗಲೇ ಹೇಳಿದೆ.

ಅಬುಧಾಬಿಯ ಲೆಕ್ಕವೇ ಸ್ವಾರಸ್ಯ. (ಮಂಗಳೂರು, ಉಡುಪಿ ಕಡೆಯವರಿಗೆ ಅದು ಹೊರದೇಶ ಅನ್ನಿಸುವುದೇ ಇಲ್ಲ, ಪಂದ್ಯದ ಸಮಯವೂ ನಮಗೆ ಒಗ್ಗುತ್ತದೆ, ಎನ್‌ಬಿಎಗಾಗಿ ಬೆಳಗಿನ ಜಾವಕ್ಕೆ ಅಲಾರಂ ಇಡುವವರಿಗೆ ಅದೊಂದು ಹಬ್ಬ.) 2022ರಲ್ಲಿ ಅಲ್ಲಿ ಅಟ್ಲಾಂಟಾ ಹಾಕ್ಸ್ ಎರಡೂ ಪಂದ್ಯ ಗೆದ್ದಿತು, ಮಿಲ್ವಾಕಿ ಬಕ್ಸ್ ಎರಡೂ ಸೋತಿತು. ಸೀಸನ್ ಮುಗಿದಾಗ ಬಕ್ಸ್ 58 ಗೆಲುವಿನೊಂದಿಗೆ ಇಡೀ ಲೀಗ್‌ಗೆ ಮೊದಲು, ಹಾಕ್ಸ್ 41 ಗೆಲುವು 41 ಸೋಲು. 2024ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಡೆನ್ವರ್ ನಗೆಟ್ಸ್ ತಂಡವನ್ನು ಎರಡು ಸಲ ಸೋಲಿಸಿತು, ಸೀಸನ್‌ನಲ್ಲೂ ಬಾಸ್ಟನ್ 61, ಡೆನ್ವರ್ 50. ಒಮ್ಮೆ ತಿರುಗುಮುರುಗು, ಒಮ್ಮೆ ನೇರ. ನಾಣ್ಯ ಚಿಮ್ಮಿದರೂ ಇಷ್ಟೇ ಭವಿಷ್ಯ ಸಿಗುತ್ತಿತ್ತು.

ಸ್ಕೋರು ಬಿಟ್ಟರೆ ನೋಡುವುದೇನು ಎಂದು ಕೇಳಿದರೆ, ನಾನು ಮೊದಲು ಹುಡುಕುವುದು ಗಾಯದ ಸುದ್ದಿ. ಮ್ಯಾಡ್ರಿಡ್‌ನ ಆ ರಾತ್ರಿ ಡಾಂಚಿಚ್ ತಾನು ಹದಿಮೂರನೇ ವಯಸ್ಸಿಗೆ ಬಂದು ಬೆಳೆದ ಕ್ಲಬ್ಬಿನ ಎದುರು ಆಡಿದರು. 2018ರಲ್ಲಿ ಯುರೋಲೀಗ್ ಗೆದ್ದುಕೊಟ್ಟ ಹುಡುಗ ಎಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆದರೆ ಅವರು ಆಡಿದ್ದು ಸುಮಾರು ಐದು ನಿಮಿಷ. ಎಡಗಾಲಿನ ಮೀನಖಂಡದಲ್ಲಿ ನೋವಿತ್ತು. ಡಲ್ಲಾಸ್ ಅಭಿಮಾನಿ ತಲೆಕೆಡಿಸಿಕೊಳ್ಳಬೇಕಿದ್ದ ವಿಷಯ ಆ ರಾತ್ರಿ ಅದೊಂದೇ. ಆ ಸೀಸನ್‌ನಲ್ಲಿ ಅವರು ಪಂದ್ಯಕ್ಕೆ 33.9 ಅಂಕ ಗಳಿಸಿ ಲೀಗ್‌ನ ಅಗ್ರ ಸ್ಕೋರರ್ ಆದರೂ, 2024ರ ಕ್ರಿಸ್‌ಮಸ್ ದಿನ ಅದೇ ಎಡ ಮೀನಖಂಡ ಮತ್ತೆ ಎಳೆಯಿತು. ಫೆಬ್ರವರಿಯಲ್ಲಿ ಅವರನ್ನು ಲೇಕರ್ಸ್‌ಗೆ ಕೊಟ್ಟಾಗ ದೇಹಸ್ಥಿತಿಯ ಮಾತೂ ಚರ್ಚೆಗೆ ಬಂತು.

ಎರಡನೆಯದು ಮೊದಲ ಕ್ವಾರ್ಟರ್. ಎರಡೂ ಕಡೆ ನಿಜವಾದ ಐವರು ಇರುವುದು ಆಗ ಮಾತ್ರ. ತ್ರೀ-ಪಾಯಿಂಟರ್ ಎಷ್ಟು ಬಿದ್ದವು ಎಂದು ಎಣಿಸಬೇಡಿ; 2022ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ತಂಡ ಫೀನಿಕ್ಸ್‌ಗೆ ಬಂದು 43ರಲ್ಲಿ 24 ತ್ರೀ ಹೊಡೆದು ಸನ್ಸ್ ತಂಡವನ್ನು 134–124ರಿಂದ ಸೋಲಿಸಿತ್ತು, ಅಂಥ ದಿನ ಯಾರಿಗೂ ಪದೇಪದೇ ಬರುವುದಿಲ್ಲ. ಶಾಟ್ ತಪ್ಪಿದ ಮೇಲೆ ಐವರೂ ಓಡಿ ಹಿಂದಕ್ಕೆ ಬಂದರೇ, ಎದುರಾಳಿಯ ರೀಬೌಂಡ್‌ಗೆ ಯಾರಾದರೂ ಮೈಯೊಡ್ಡಿ ತಡೆದರೇ ಎಂಬುದು ಅದೃಷ್ಟದ ಮಾತಲ್ಲ, ಅಭ್ಯಾಸದ ಮಾತು.

ಮೂರನೆಯದು ಹೊಸ ಹುಡುಗರು. ಮೂರು ಸೋಲುಗಳನ್ನು ಹೊತ್ತು ತಂದ ಆ ಡಲ್ಲಾಸ್ ತಂಡದಲ್ಲಿ ಹೊಸಬರನ್ನು ಹಂಚಿಕೊಳ್ಳುವ ಡ್ರಾಫ್ಟ್‌ನಲ್ಲಿ 12ನೇ ಆಯ್ಕೆಯಾಗಿ ಬಂದಿದ್ದ ಡೆರಿಕ್ ಲೈವ್ಲಿ ಎಂಬ 19ರ ಹುಡುಗನಿದ್ದ. ಸೀಸನ್‌ನ ಮೊದಲ ಪಂದ್ಯದಲ್ಲೇ, ವೆಂಬನ್ಯಾಮಾ ಎದುರು, ಅವನು 16 ಅಂಕ 10 ರೀಬೌಂಡ್ ತೆಗೆದ; ಪ್ಲೇಆಫ್ ಉದ್ದಕ್ಕೂ ಅವನೂ ಗ್ಯಾಫರ್ಡ್ ಅವರೂ ಸೇರಿ ಬಾಸ್ಕೆಟ್ ಕಾಯ್ದರು. ಮುಂದಿನ ಅಕ್ಟೋಬರ್‌ನಲ್ಲಿ ನಿಮ್ಮ ತಂಡ ಎಲ್ಲಿಗೋ ಹೋಗಿ ಸೋತರೆ, ಬಾಕ್ಸ್ ಸ್ಕೋರ್‌ನಲ್ಲಿ, ಅಂದರೆ ಆಟಗಾರರ ಅಂಕಿಅಂಶದ ಪಟ್ಟಿಯಲ್ಲಿ, ನಿಮಿಷಗಳ ಸಾಲನ್ನು ಮೊದಲು ಓದಿ. ಕೋಚ್ ಯಾವ ಹೊಸಬನನ್ನು ದೊಡ್ಡವರ ಜೊತೆ ಆಡಿಸಿದರು ಎಂಬುದು ಅಲ್ಲಿರುತ್ತದೆ.