ಸೈಲೆನ್ಸರ್ ಕಟ್ ಮಾಡಿಸಿದರೆ ಪಿಕಪ್ ಜಾಸ್ತಿ ಆಗುತ್ತಾ?

ಪ್ರಶ್ನೆ: ಅಪ್ಪನ ಹಳೆ ಯಮಹಾ ಬೈಕು, ಆರ್‌ಎಕ್ಸ್ 100 ಎಂಟು ವರ್ಷದಿಂದ ಕೊಟ್ಟಿಗೆ ಮೂಲೆಯಲ್ಲಿ ನಿಂತಿದೆ. ಅದನ್ನು ರಿಪೇರಿ ಮಾಡಿ ಕೆಫೆ ರೇಸರ್ ತರ ಕಟ್ಟಬೇಕು ಅಂತ ಆಸೆ. ಮೊದಲು ಸೈಲೆನ್ಸರ್ ಕಟ್ ಮಾಡಿಸು, ಪಿಕಪ್ ಡಬಲ್ ಆಗುತ್ತೆ ಅಂತ ಗೆಳೆಯರು ಹೇಳುತ್ತಿದ್ದಾರೆ. ಮಾಡಿಸಲಾ?

ಬೇಡ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಕುಮಟಾದ ನಮ್ಮ ಶೆಡ್ಡಿಗೆ ಬಂದವರು ಕೇಳುತ್ತಾರೆ. ಶಿರಸಿ ಜಾತ್ರೆಯಲ್ಲಿ ಸಿಕ್ಕವರು ಕೇಳುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. ಬೇಡ ಅಂದರೆ ತಲೆ ಆಡಿಸುತ್ತಾರೆ, ಮುಂದಿನ ವಾರ ಕಟ್ ಮಾಡಿಸಿಕೊಂಡೇ ಬರುತ್ತಾರೆ. ಹಾಗಾಗಿ ಈ ಸಲ ಬೇಡ ಅಂತಷ್ಟೇ ಹೇಳದೆ, ಯಾಕೆ ಬೇಡ ಅನ್ನುವುದನ್ನು ಪೂರ್ತಿ ಬಿಡಿಸಿ ಬರೆಯುತ್ತೇನೆ.

ಮೊದಲು ಒಂದು ಮಾತು. ಕೆಫೆ ರೇಸರ್ ಅಂದರೆ ಸದ್ದು ಅಲ್ಲ. 1960ರ ಆಸುಪಾಸಿನಲ್ಲಿ ಲಂಡನ್ನಿನ ಏಸ್ ಕೆಫೆಯಂಥ ಜಾಗದಲ್ಲಿ ಸೇರುತ್ತಿದ್ದ ಹುಡುಗರು ಹ್ಯಾಂಡಲ್ ಕೆಳಗಿಳಿಸಿದರು, ಫುಟ್‌ರೆಸ್ಟ್ ಹಿಂದಕ್ಕೆ ಸರಿಸಿದರು, ಒಬ್ಬರೇ ಕೂರುವ ಸೀಟು ಹಾಕಿದರು, ಬೇಡದ ತೂಕವನ್ನೆಲ್ಲ ಬಿಚ್ಚಿಟ್ಟರು. ಟ್ರಯಂಫ್ ಎಂಜಿನ್ ಚೆನ್ನಾಗಿದೆ, ನಾರ್ಟನ್ ಫ್ರೇಮ್ ಚೆನ್ನಾಗಿದೆ ಅಂತ ಕಂಡಾಗ ಎರಡನ್ನೂ ಕೂಡಿಸಿ ಟ್ರೈಟನ್ ಅಂತ ಒಂದು ಬೈಕನ್ನೇ ಕಟ್ಟಿದರು. ಅದು ತಲೆ ಓಡಿಸಿ ಮಾಡಿದ ಕೆಲಸ. ಹ್ಯಾಕ್‌ಸಾ ಹಿಡಿದು ಸೈಲೆನ್ಸರಿನ ಬಾಲ ಕುಯ್ಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಈಗ ಸೈಲೆನ್ಸರ್ ವಿಷಯ. ಆರ್‌ಎಕ್ಸ್ 100 ಟೂ ಸ್ಟ್ರೋಕ್ ಬೈಕು. 98 ಸಿಸಿ, 11 ಬಿಎಚ್‌ಪಿ, ಆ ಪವರ್ ಬರುವುದು 7500 ಆರ್‌ಪಿಎಮ್‌ನಲ್ಲಿ. ಬುಲೆಟ್ಟಿನ ಹಾಗೆ ಹೊಗೆ ಬಿಡುವುದಕ್ಕೆ ಇದರಲ್ಲಿ ವಾಲ್ವ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ ಅಷ್ಟೇ. ಪಿಸ್ಟನ್ ಇಳಿದಾಗ ಕಿಂಡಿ ತೆರೆಯುತ್ತದೆ, ಏರಿದಾಗ ಮುಚ್ಚುತ್ತದೆ. ಮೊದಲು ಹೊಗೆ ಹೋಗುವ ಕಿಂಡಿ ತೆರೆದುಕೊಳ್ಳುತ್ತದೆ. ಆಮೇಲೆ ಕೆಳಗಿನಿಂದ ಹೊಸ ಪೆಟ್ರೋಲು ಗಾಳಿ ನುಗ್ಗಿ, ಉಳಿದ ಹೊಗೆಯನ್ನು ಹೊರಗೆ ತಳ್ಳುತ್ತದೆ. ಪಿಸ್ಟನ್ ವಾಪಸ್ ಏರುವಾಗ ಪೆಟ್ರೋಲಿನ ಕಿಂಡಿ ಮೊದಲು ಮುಚ್ಚುತ್ತದೆ. ಹೊಗೆ ಕಿಂಡಿ ಮಾತ್ರ ಇನ್ನೂ ಸ್ವಲ್ಪ ಹೊತ್ತು ಬಾಯಿ ತೆರೆದೇ ಇರುತ್ತದೆ.

ತೊಂದರೆ ಇರುವುದು ಇಲ್ಲೇ. ಆ ಹೊತ್ತಿನಲ್ಲಿ ಒಳಗೆ ಬಂದ ಹೊಸ ಪೆಟ್ರೋಲು ಸುಡುವ ಮೊದಲೇ ಹೊರಗೆ ಸೋರಿಹೋಗುತ್ತದೆ. ಅದನ್ನು ತಡೆಯಲು ಎಂಜಿನ್ ಒಳಗೆ ಏನೂ ಇಲ್ಲ. ತಡೆಯುವುದು ಸೈಲೆನ್ಸರ್.

ಹೇಗೆ ಅಂತ ನೋಡಬೇಕಾದರೆ ತದಡಿ ಬಂದರಿಗೆ ಹೋಗಿ. ಕಟ್ಟೆಯ ಪಕ್ಕ ಕಟ್ಟಿದ ದೋಣಿಯನ್ನು ಗಮನಿಸಿ. ಅಲೆ ಬಂದು ಕಟ್ಟೆಗೆ ಬಡಿಯುತ್ತದೆ, ತಿರುಗಿ ಬರುವಾಗ ದೋಣಿಯನ್ನು ಆಚೆ ತಳ್ಳುತ್ತದೆ. ಸೈಲೆನ್ಸರ್ ಒಳಗೂ ಇದೇ ನಡೆಯುವುದು. ಹೊಗೆ ಕಿಂಡಿ ತೆರೆದ ಕೂಡಲೇ ಒತ್ತಡದ ಒಂದು ಅಲೆ ಪೈಪಿನಲ್ಲಿ ಓಡುತ್ತದೆ. ಪೈಪು ಅಗಲವಾಗುತ್ತಾ ಹೋಗುವ ಜಾಗದಲ್ಲಿ ಅದು ಎಳೆಯುವ ಅಲೆಯಾಗಿ ತಿರುಗಿ ಬರುತ್ತದೆ. ಗೋಕರ್ಣದಲ್ಲಿ ನೀರಿಗೆ ಕಾಲು ಇಟ್ಟು ನಿಂತಾಗ, ಹಿಂದೆ ಸರಿಯುವ ಅಲೆ ಪಾದದ ಅಡಿಯ ಮರಳನ್ನು ಎಳೆದುಕೊಂಡು ಹೋಗುತ್ತದಲ್ಲ, ಹಾಗೆ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಎಳೆಯುತ್ತದೆ. ಮುಂದೆ ಪೈಪು ಮತ್ತೆ ಕಿರಿದಾಗುವ ಜಾಗ ಇದೆ. ಅದು ತದಡಿಯ ಕಟ್ಟೆ ಇದ್ದ ಹಾಗೆ. ಅಲ್ಲಿ ಬಡಿದ ಅಲೆ ತಳ್ಳುವ ಅಲೆಯಾಗಿ ವಾಪಸ್ ಬರುತ್ತದೆ. ಸೋರಿಹೋಗುತ್ತಿದ್ದ ಪೆಟ್ರೋಲನ್ನು ಕಿಂಡಿ ಮುಚ್ಚುವ ಮೊದಲು ಸಿಲಿಂಡರಿಗೆ ತಿರುಗಿ ನೂಕುತ್ತದೆ.

ಹೊತ್ತಿನ ಲೆಕ್ಕ ನೋಡಿ. 7500 ಆರ್‌ಪಿಎಮ್ ಅಂದರೆ ಸೆಕೆಂಡಿಗೆ 125 ಸುತ್ತು. ಒಂದು ಸುತ್ತಿಗೆ 8 ಮಿಲಿಸೆಕೆಂಡು. ಹೊಗೆ ಕಿಂಡಿ ತೆರೆದಿರುವುದು ಅದರಲ್ಲಿ ಹೆಚ್ಚುಕಡಿಮೆ ಅರ್ಧ, 4 ಮಿಲಿಸೆಕೆಂಡು. ಬಿಸಿ ಹೊಗೆಯಲ್ಲಿ ಈ ಅಲೆ ಸೆಕೆಂಡಿಗೆ ಸುಮಾರು 500 ಮೀಟರ್ ಓಡುತ್ತದೆ. ಅಂದರೆ 4 ಮಿಲಿಸೆಕೆಂಡಿನಲ್ಲಿ 2 ಮೀಟರ್. ಹೋಗುವುದಕ್ಕೆ 1 ಮೀಟರ್, ಬರುವುದಕ್ಕೆ 1 ಮೀಟರ್. ನಿಮ್ಮ ಬೈಕಿನ ಸೈಲೆನ್ಸರ್ ಯಾಕೆ ಅಷ್ಟು ಉದ್ದ ಇದೆ ಅಂತ ಈಗ ಗೊತ್ತಾಯಿತಲ್ವಾ? ಅದನ್ನು ಯಾರೋ ಕೂತು ಲೆಕ್ಕ ಹಾಕಿ ಮಾಡಿದ್ದಾರೆ. ನೀವು ಕಟ್ ಮಾಡಿಸಿದರೆ ಅಲೆಗೆ ಬಡಿಯಲು ಕಟ್ಟೆಯೇ ಇರುವುದಿಲ್ಲ. ನಿಮ್ಮ ದುಡ್ಡಿನ ಪೆಟ್ರೋಲು ಸುಡದೆ ರಸ್ತೆಗೆ ಹೋಗುತ್ತದೆ.

ಈ ಅಲೆಯ ಹಿಂದೆ ದೊಡ್ಡ ಕತೆಯೇ ಇದೆ, ಹೇಳದೆ ಮುಂದೆ ಹೋಗಲಾರೆ. ಪೂರ್ವ ಜರ್ಮನಿಯಲ್ಲಿ ಎಂಜೆಡ್ ಅನ್ನುವ ಬೈಕು ಕಂಪನಿ ಇತ್ತು. ಅಲ್ಲಿನ ಎಂಜಿನಿಯರ್ ವಾಲ್ಟರ್ ಕಾಡೆನ್. ದುಡ್ಡಿಲ್ಲ, ಒಳ್ಳೆ ಸಾಮಾನು ಸಿಗುವುದಿಲ್ಲ. ಆದರೂ ಆತ ಪೈಪಿನೊಳಗಿನ ಅಲೆಗಳನ್ನು ಆಸಿಲೋಸ್ಕೋಪಿನಲ್ಲಿ, ಅಂದರೆ ಅಲೆಯನ್ನು ಗೆರೆಯಾಗಿ ತೆರೆಯ ಮೇಲೆ ತೋರಿಸುವ ಯಂತ್ರದಲ್ಲಿ, ನೋಡುತ್ತಾ, ಸೈಲೆನ್ಸರಿನ ಆಕಾರವನ್ನು ವರ್ಷಗಟ್ಟಲೆ ತಿದ್ದಿದ. 1961ರ ಹೊತ್ತಿಗೆ ಅವನ 125 ಸಿಸಿ ಎಂಜಿನ್ 25 ಬಿಎಚ್‌ಪಿ ಕೊಡುತ್ತಿತ್ತು. ಅದೇ ವರ್ಷ ಸ್ವೀಡನ್ನಿನ ರೇಸಿನಿಂದ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ದೇಶ ಬಿಟ್ಟು ತಪ್ಪಿಸಿಕೊಂಡ. ಹೆಂಡತಿ ಮಕ್ಕಳನ್ನು ಕಾರಿನ ಡಿಕ್ಕಿಯಲ್ಲಿ ಅಡಗಿಸಿ ಗಡಿ ದಾಟಿಸಲಾಯಿತು. ಕಾಡೆನ್ ಕಂಡುಕೊಂಡ ಗುಟ್ಟುಗಳು ಡೆಗ್ನರ್ ಜೊತೆ ಜಪಾನಿನ ಸುಜುಕಿಗೆ ಹೋದವು. 1962ರಲ್ಲಿ 50 ಸಿಸಿ ವಿಶ್ವ ಚಾಂಪಿಯನ್ ಪಟ್ಟ ಡೆಗ್ನರ್‌ಗೆ, ಸುಜುಕಿಗೆ. ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಕದ್ದೊಯ್ಯುವಷ್ಟು ಬೆಲೆಬಾಳುವ ಗುಟ್ಟಿನ ಮುಖ್ಯ ಭಾಗ ಇದ್ದದ್ದು ಆ ತಗಡಿನ ಆಕಾರದಲ್ಲಿ. ನಮ್ಮಲ್ಲಿ ಅದನ್ನು ಕುಯ್ದು ಗುಜರಿಗೆ ಹಾಕುತ್ತಾರೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಲೆಕ್ಕ ಬೇಡ, ಕಣ್ಣಾರೆ ನೋಡಬೇಕು ಅನ್ನುವವರಿಗೆ ಒಂದು ಪರೀಕ್ಷೆ ಹೇಳುತ್ತೇನೆ. ಹೋದ ವರ್ಷ ಅಂಕೋಲಾ ಕಡೆಯ ಹುಡುಗನೊಬ್ಬ ತನ್ನ ಆರ್‌ಎಕ್ಸ್ ತಂದಿದ್ದ. ಒಂದು ಅಂಗಡಿಯಲ್ಲಿ ಸೈಲೆನ್ಸರ್ ಅರ್ಧಕ್ಕೆ ಕಟ್ ಮಾಡಿ, ತುದಿಗೆ ಸುಮ್ನೆ ಒಂದು ತುಂಡು ಪೈಪು ವೆಲ್ಡ್ ಮಾಡಿ ಕೊಟ್ಟಿದ್ದರು. "ಸರ್, ಈಗ ಹಾರತ್ತೆ" ಅಂದ. "ಹಾರಲಿ ತಮಾ, ನೋಡೋಣ" ಅಂದೆ. ಶೆಡ್ಡಿನಲ್ಲಿ ಒಂದು ಒರಿಜಿನಲ್ ಸೈಲೆನ್ಸರನ್ನು ತೊಳೆದು ತೂಗುಹಾಕಿಟ್ಟಿದ್ದೇನೆ, ಇಂಥವರಿಗಾಗಿಯೇ. ಅದನ್ನೂ ಕಟ್ಟಿಕೊಂಡು ಕತಗಾಲ ದಾಟಿ ದೇವಿಮನೆ ಘಟ್ಟಕ್ಕೆ ಹೋದೆವು. ತಿರುವಿಲ್ಲದ ಒಂದು ಏರು ಆರಿಸಿಕೊಂಡು, ಕೆಳಗೊಂದು ಮರ, ಮೇಲೊಂದು ಮೈಲುಗಲ್ಲು ಗುರುತು ಇಟ್ಟೆವು. ಅವನೇ ಓಡಿಸಿದ, ಮೂರನೇ ಗೇರಿನಲ್ಲೇ. ನಾನು ಮೊಬೈಲಿನಲ್ಲಿ ಹೊತ್ತು ಹಿಡಿದೆ. ಮೂರು ಸಲ ಕಟ್ ಮಾಡಿದ್ದರಲ್ಲಿ, ಮೂರು ಸಲ ಒರಿಜಿನಲ್ ಹಾಕಿ. ಮೂರು ಸಲವೂ ಒರಿಜಿನಲ್ಲೇ ಬೇಗ ಮೇಲೆ ಮುಟ್ಟಿತು. ಹುಡುಗ ಇಳಿದು ಹೇಳಿದ ಮಾತು ಇನ್ನೂ ನೆನಪಿದೆ: "ಆದ್ರೆ ಸರ್, ಆಗ ಜೋರಾಗಿ ಹೋದಂಗೆ ಅನ್ನಿಸ್ತಿತ್ತು."

ಅನ್ನಿಸುವುದು ಕಿವಿಗೆ. ಸದ್ದು ಜಾಸ್ತಿಯಾದರೆ ಸ್ಪೀಡು ಜಾಸ್ತಿಯಾದ ಹಾಗೆ ಕಿವಿ ನಂಬುತ್ತದೆ. ಗಡಿಯಾರ ನಂಬುವುದಿಲ್ಲ.

ಹಾಗಾದರೆ ಬ್ಯಾಫಲ್, ಅಂದರೆ ಸದ್ದು ತಗ್ಗಿಸಲು ಸೈಲೆನ್ಸರ್ ಒಳಗಿಟ್ಟ ತೂತು ತೂತಿನ ಕೊಳವೆ, ತೆಗೆದ ಮೇಲೆ ನಿಜವಾಗಿಯೂ ಪಿಕಪ್ ಬಂತು ಅನ್ನುವವರು ಸುಳ್ಳು ಹೇಳುತ್ತಿದ್ದಾರಾ? ಇಲ್ಲ. ಅವರು ಕಂಡದ್ದು ನಿಜ, ಹೇಳುವ ಕಾರಣ ತಪ್ಪು. ಟೂ ಸ್ಟ್ರೋಕಿನಲ್ಲಿ ಪೆಟ್ರೋಲಿನ ಜೊತೆ ಆಯಿಲ್ ಕೂಡ ಸುಡುತ್ತದೆ. ಅದರ ಮಸಿ ಸೈಲೆನ್ಸರಿನ ತುದಿಯಲ್ಲಿರುವ ಬ್ಯಾಫಲ್ ಒಳಗೆ ಕೂರುತ್ತಾ ಹೋಗುತ್ತದೆ. ಹಳೆ ಬೈಕಿನ ಸೈಲೆನ್ಸರ್ ತುದಿಯ ಸ್ಕ್ರೂ ಬಿಚ್ಚಿ, ಇಕ್ಕಳದಲ್ಲಿ ಹಿಡಿದು ಬ್ಯಾಫಲ್ ಎಳೆದು ನೋಡಿ. ಕಪ್ಪು ಬೆಲ್ಲದ ಪಾಕ ಮೆತ್ತಿದ ಹಾಗೆ ಇರುತ್ತದೆ. ತೂತುಗಳೇ ಕಾಣುವುದಿಲ್ಲ. ಕಲ್ಲಿಗೆ ಕುಟ್ಟಿದರೆ ಚೂರು ಚೂರಾಗಿ ಉದುರುತ್ತದೆ. ಉಸಿರು ಕಟ್ಟಿದ ಬೈಕಿನಿಂದ ಅದನ್ನು ಕಿತ್ತು ಹಾಕಿದರೆ ಓಡದೇ ಇರುತ್ತದಾ? ಓಡುತ್ತದೆ. ಆದರೆ ಓಡಿದ್ದು ಮಸಿ ಹೋಗಿದ್ದಕ್ಕೆ.

ಹಾಗಾಗಿ ಅದನ್ನು ಬಿಸಾಡಬೇಡಿ, ತೊಳೆಯಿರಿ. ಅಂಗಳದ ಮೂಲೆಯಲ್ಲಿ ತೆಂಗಿನ ಗರಟೆಯ ಕೆಂಡ ಮಾಡಿ ಬ್ಯಾಫಲ್ ಅದರಲ್ಲಿಡಿ. ವಾಸನೆ ಬರುತ್ತದೆ, ಗಾಳಿಯ ದಿಕ್ಕು ನೋಡಿ ಕೂರಿ. ಆರಿದ ಮೇಲೆ ತಂತಿ ಬ್ರಷ್ಷಿನಲ್ಲಿ ಉಜ್ಜಿ, ಒಂದೊಂದು ತೂತಿಗೂ ಮೊಳೆ ಹಾಕಿ ಬಿಡಿಸಿ. ಹೊಗೆ ಕಿಂಡಿಯ ಬಾಯಲ್ಲೂ ಮಸಿ ಇರುತ್ತದೆ. ಪಿಸ್ಟನ್ ಕೆಳಗಿಳಿಸಿ, ಮರದ ಕಡ್ಡಿಯಿಂದ ಕೆರೆಯಿರಿ. ಸ್ಕ್ರೂಡ್ರೈವರ್ ಹಾಕಿದರೆ ಪಿಸ್ಟನ್ನಿಗೆ ಗೀರು ಬೀಳುತ್ತದೆ. ಈ ಕೆಲಸಕ್ಕೆ ಖರ್ಚು ಒಂದು ಮಧ್ಯಾಹ್ನ. ಗೆಳೆಯರು ಹೇಳಿದ ಪಿಕಪ್ ಬರುವುದು ಇಲ್ಲಿಂದ.

ಹಳೆ ಬುಲೆಟ್ ಇರುವವರೂ ಇದನ್ನು ಓದುತ್ತಿರುತ್ತೀರಿ. ಅದು ಫೋರ್ ಸ್ಟ್ರೋಕ್, ವಾಲ್ವ್ ಇದೆ, ಹಾಗಾಗಿ ಪೆಟ್ರೋಲು ಇಷ್ಟು ಸೋರುವುದಿಲ್ಲ. ಆದರೂ ಸೈಲೆನ್ಸರ್ ಮಾತ್ರ ಓಪನ್ ಮಾಡಿ ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬೋರೇಟರ್ ಮುಟ್ಟದೆ ಬಿಟ್ಟರೆ, ಗಾಳಿ ಜಾಸ್ತಿಯಾಗಿ ಪೆಟ್ರೋಲು ಕಡಿಮೆ ಬೀಳುತ್ತದೆ. ಪ್ಲಗ್ ಬಿಚ್ಚಿ ನೋಡಿ. ಹಾಲು ಹಾಕಿದ ಕಾಪಿಯ ಬಣ್ಣ ಇದ್ದರೆ ಸರಿ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಎಂಜಿನ್ ಮಿತಿಮೀರಿ ಬಿಸಿಯಾಗುತ್ತಿದೆ. ಆಕ್ಸಿಲರೇಟರ್ ಬಿಟ್ಟಾಗ ಪಟ್ ಪಟ್ ಅಂತ ಸಿಡಿಯುವುದನ್ನು ಹುಡುಗರು ಖುಷಿಯಿಂದ ಕೇಳುತ್ತಾರೆ. ಅದೂ ಇದರದ್ದೇ ಲಕ್ಷಣ.

ಸರಿ, ನಿಮ್ಮ ಬೈಕಿಗೆ ಎಲ್ಲಿಂದ ಶುರು ಮಾಡಬೇಕು? ಬ್ರೇಕು, ಟಯರು, ವೈರಿಂಗು, ಟ್ಯಾಂಕಿನ ತುಕ್ಕು. ಇದೇ ಕ್ರಮದಲ್ಲಿ. ಆಮೇಲೆ ಕ್ರ್ಯಾಂಕಿನ, ಅಂದರೆ ಪಿಸ್ಟನ್ ತಿರುಗಿಸುವ ದಂಡದ, ಎರಡೂ ಪಕ್ಕದ ಆಯಿಲ್ ಸೀಲ್. ಎಂಟು ವರ್ಷ ನಿಂತ ಬೈಕಿನಲ್ಲಿ ಆ ರಬ್ಬರು ಗಟ್ಟಿಯಾಗಿರುತ್ತದೆ, ಗಾಳಿ ಎಳೆಯುತ್ತದೆ, ಎಂಜಿನ್ ಮಿತಿಮೀರಿ ಬಿಸಿಯಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹ್ಯಾಂಡಲ್ಲು, ಸೀಟು, ಬಣ್ಣ ಎಲ್ಲ ಅದಾದ ಮೇಲೆ.

ನ್ಯೂಜಿಲೆಂಡಿನ ಬರ್ಟ್ ಮನ್ರೋ ಹೆಸರು ನೀವು ಕೇಳಿರಬಹುದು. ನಮ್ಮ ಹಾಗೆಯೇ ಸಮುದ್ರದ ಹತ್ತಿರದ ಸಣ್ಣ ಊರಿನವನು. 1920ರ ಇಂಡಿಯನ್ ಸ್ಕೌಟ್ ಬೈಕನ್ನು ತನ್ನ ಶೆಡ್ಡಿನಲ್ಲೇ ಜೀವಮಾನವಿಡೀ ತಿದ್ದಿದ. ಪಿಸ್ಟನ್ನುಗಳನ್ನು ತಾನೇ ಎರಕ ಹೊಯ್ದ. 1967ರಲ್ಲಿ, 68ನೇ ವಯಸ್ಸಿನಲ್ಲಿ, ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಗಂಟೆಗೆ 295 ಕಿಲೋಮೀಟರಿನ ಹತ್ತಿರ ಓಡಿಸಿ ದಾಖಲೆ ಮಾಡಿದ. ಬೈಕು ಕಟ್ಟುವ ಆಸೆ ಇರುವವರು ಅವನು ಎಲ್ಲೆಲ್ಲಿ ಕೈ ಹಾಕಿದ ಅನ್ನುವುದನ್ನು ನೋಡಬೇಕು. ಅವನ ಹೆಚ್ಚಿನ ದುಡಿಮೆಯೆಲ್ಲ ಎಂಜಿನ್ ಒಳಗೆ.

ಇನ್ನೊಂದು ಬೇಡಿಕೆ. ಫ್ರೇಮ್ ಕುಯ್ಯಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ರಚನೆ ಬದಲಿಸುವ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಆರ್‌ಎಕ್ಸ್ 100 ತಯಾರಿಕೆ 1996ಕ್ಕೇ ನಿಂತಿದೆ, ಹಾಗಾಗಿ ಎಲ್ಲ ಬೈಕಿನ ಆರ್‌ಸಿಗೂ 15 ವರ್ಷ ಮುಗಿದು, 5 ವರ್ಷಕ್ಕೊಮ್ಮೆ ನವೀಕರಣ ಆಗಲೇಬೇಕು. ಬಿಚ್ಚಿದ ಒಂದೊಂದು ಸಾಮಾನನ್ನೂ ಚೀಲಕ್ಕೆ ಹಾಕಿ ಅಟ್ಟದ ಮೇಲಿಡಿ. 2021ರಲ್ಲಿ ಬಂದ ನಿಯಮದಲ್ಲಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ವಿಂಟೇಜ್ ಅಂತ ನೋಂದಣಿ ಸಿಗುತ್ತದೆ, ನಂಬರಿನಲ್ಲಿ ವಿಎ ಅನ್ನುವ ಅಕ್ಷರ ಬರುತ್ತದೆ. ಆರ್‌ಎಕ್ಸ್ 100 ಬಂದದ್ದು 1985ರಲ್ಲಿ. ಮೊದಲ ಬೈಕುಗಳಿಗೆ 2035ಕ್ಕೆ 50 ತುಂಬುತ್ತದೆ. ಮನೆಯಲ್ಲಿ 1960ರ ದಶಕದ ಮೈಸೂರು ಜಾವಾ ಇದ್ದರಂತೂ ಅದಕ್ಕೆ ಈಗಾಗಲೇ ತುಂಬಿದೆ. ಅಂಥದ್ದನ್ನು ಕೆಫೆ ರೇಸರ್ ಮಾಡುವುದೇ ಬೇಡ. ಇದ್ದ ಹಾಗೆ ನಿಲ್ಲಿಸುವುದು ಕಟ್ಟುವುದಕ್ಕಿಂತ ಕಷ್ಟದ ಕೆಲಸ.

ಸೈಲೆನ್ಸರ್ ಮಾತು ಬಂದಿದ್ದಕ್ಕೆ, ನೀವು ಕೇಳದಿದ್ದರೂ ಮಳೆಗಾಲದ ಒಂದು ವಿಷಯ ಹೇಳಿಬಿಡುತ್ತೇನೆ. ನಮ್ಮ ಕರಾವಳಿಯಲ್ಲಿ ಸೈಲೆನ್ಸರ್ ತೂತಾಗುವುದು ಉಪ್ಪು ಗಾಳಿಯಿಂದ ಅಂತ ಎಲ್ಲರೂ ಹೇಳುತ್ತಾರೆ. ಹೊರಗಿನ ಕ್ರೋಮ್ ಹೋಗುವುದು ಅದರಿಂದ. ಒಳಗಿನಿಂದ ತಿನ್ನುವುದು ನೀರು, ಮತ್ತು ಆ ನೀರನ್ನು ಮಾಡುವುದು ಎಂಜಿನ್ನೇ. 1 ಲೀಟರ್ ಪೆಟ್ರೋಲು ಸುಟ್ಟರೆ ಸುಮಾರು 1 ಲೀಟರ್ ನೀರು ಆವಿಯಾಗಿ ಹೊಗೆಯ ಜೊತೆ ಹೊರಡುತ್ತದೆ. ಸೈಲೆನ್ಸರ್ ಪೂರ್ತಿ ಬಿಸಿಯಾಗಿದ್ದರೆ ಅದು ಹೊರಗೆ ಹೋಗುತ್ತದೆ. ತಣ್ಣಗಿದ್ದರೆ ಒಳಗೇ ಹನಿಯಾಗಿ ಕೂರುತ್ತದೆ. ಬ್ಯಾಟರಿ ಸತ್ತೀತು, ಎಂಜಿನ್ ಹಿಡಿದೀತು ಅಂತ ಆರಿದ್ರ ಮಳೆಯಲ್ಲಿ ದಿನಾ ಐದು ನಿಮಿಷ ಬೈಕು ಸ್ಟಾರ್ಟ್ ಮಾಡಿ ನಿಲ್ಲಿಸುವವರು ಆ ಸೈಲೆನ್ಸರಿಗೆ ದಿನಾ ನೀರು ಹೊಯ್ಯುತ್ತಿದ್ದಾರೆ.

ಸ್ಟಾರ್ಟ್ ಮಾಡಿದರೆ ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿಯೇ ಬನ್ನಿ. ಓಡಿಸುವುದಿಲ್ಲ ಅಂದರೆ ಮುಟ್ಟಲೇಬೇಡಿ. ಜೂನ್ ಮೊದಲು ಕಾರ್ಬೋರೇಟರಿನ ಪೆಟ್ರೋಲು ಇಳಿಸಿ. ಪ್ಲಗ್ ಬಿಚ್ಚಿ ಒಂದು ಚಮಚ ಟೂಟಿ (ಟೂ ಸ್ಟ್ರೋಕ್) ಆಯಿಲ್ ಹಾಕಿ, ಕೈಯಲ್ಲಿ ನಿಧಾನ ನಾಲ್ಕು ಸಲ ಕಿಕ್ ಒತ್ತಿ, ಪ್ಲಗ್ ವಾಪಸ್ ಹಾಕಿ. ಸೈಲೆನ್ಸರ್ ಬಿಚ್ಚಿ ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿಡಿ, ಕಟ್ಟಿಗೆ ಮತ್ತು ತೆಂಗಿನಕಾಯಿ ಒಣಗುವ ಕಡೆ. ನಾಲ್ಕು ತಿಂಗಳು ಒಲೆಯ ಬಿಸಿ ಹತ್ತುತ್ತಾ ಇದ್ದರೆ ಒಳಗೆ ಒಂದು ಹನಿಯೂ ನಿಲ್ಲುವುದಿಲ್ಲ. ಸಿಲಿಂಡರಿನ ಹೊಗೆ ಕಿಂಡಿಗೆ ಎಣ್ಣೆ ಬಟ್ಟೆ ತುರುಕಿ, ಇಲ್ಲದಿದ್ದರೆ ಕಣಜ ಬಂದು ಮಣ್ಣಿನ ಗೂಡು ಕಟ್ಟುತ್ತದೆ. ಆ ಬಟ್ಟೆಗೆ ಒಂದು ಕೆಂಪು ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಕಿಕ್ಕಿಗೆ ಬಿಗಿಯಿರಿ. ಚೌತಿ ಹೊತ್ತಿಗೆ ಬೈಕು ಹೊರಗೆ ತೆಗೆದಾಗ ಬಟ್ಟೆ ಒಳಗಿರುವುದು ನೆನಪಾಗುತ್ತದೆ.